ಸಿಡಿಲಜ್ಜಿಯ ಮೂವತ್ತೇಳನೆಯ ಸಂಚಿಕೆ

ಆ ದಿನದ ರಾದ್ಧಾಂತಕ್ಕೆಲ್ಲ ಕಾರಣ ಒಂದು ಸೌಟು ಸಕ್ಕರೆ ಪಾಕ. ಅದು ಬೀಳಬೇಕಾಗಿದ್ದದ್ದು ಕೇಕಿನ ಮೇಲೆ, ಬಿದ್ದದ್ದು ಪುಸ್ತಕದ ಮೇಲೆ. ಪುಸ್ತಕ ಸ್ವಂತದ್ದಾಗಿದ್ದರೆ ಒರೆಸಿಟ್ಟು ಸುಮ್ಮನಾಗಬಹುದಿತ್ತು. ಆದರೆ ಅದು ಸ್ವಂತದ್ದಾಗಲು ಇನ್ನೂ ಒಂಬತ್ತು ಗಂಟೆ ಇತ್ತು.

ಪಾಕ ಚೆಲ್ಲಿದಾತ ಬಸ್ ನಿಲ್ದಾಣದ ಗುಮಾಸ್ತ. ಪ್ರಯಾಣಿಕರು ಬಸ್ಸಿನಲ್ಲಿ ಮರೆತುಹೋದ ಛತ್ರಿ, ಚೀಲ, ಒಂಟಿ ಚಪ್ಪಲಿ, ಒಮ್ಮೊಮ್ಮೆ ಹಲ್ಲಿನ ಸೆಟ್ಟು, ಇವೆಲ್ಲ ಬಂದು ಸೇರುವ ಕೊಠಡಿ ಅವನ ವಶದಲ್ಲಿತ್ತು. ಯಾರಾದರೂ ಅಂಗಿಯ ಗುಂಡಿ ತಂದುಕೊಟ್ಟರೂ ರಸೀದಿ ಹರಿದು ಕೊಡದೆ ಬಿಡುತ್ತಿರಲಿಲ್ಲವಾದ್ದರಿಂದ ನಿಲ್ದಾಣದವರೆಲ್ಲ ಅವನನ್ನು ರಸೀದಿಯಣ್ಣ ಎನ್ನುತ್ತಿದ್ದರು. ಇಪ್ಪತ್ತು ವರ್ಷದ ನೌಕರಿಯಲ್ಲಿ ಒಂದು ಗುಂಡುಸೂಜಿಯೂ ಆಚೀಚೆ ಆಗಿರಲಿಲ್ಲ. ಅವನಿಗಿದ್ದ ಆಸ್ತಿಯೆಂದರೆ ಆ ಹೆಸರೊಂದೇ.

ಅವನಿಗೊಂದು ಗುಟ್ಟಿತ್ತು. ನಲವತ್ತನಾಲ್ಕು ದಾಟಿದ ಈ ಮನುಷ್ಯ ಚಿತ್ರಕತೆಗಳ, ಅಂದರೆ ಕಾಮಿಕ್ ಪುಸ್ತಕಗಳ ಹುಚ್ಚ. ಹಾರುವ ಮನುಷ್ಯರ ಸಿನಿಮಾ ಬಂದರೆ ಒಬ್ಬನೇ ಹೋಗಿ ಹಿಂದಿನ ಸಾಲಿನಲ್ಲಿ ಕೂತು ಅತ್ತು ಬರುತ್ತಿದ್ದ. ಟಿವಿಯಲ್ಲಿ ಕೇಕ್ ಮಾಡುವ ಸ್ಪರ್ಧೆ ನೋಡಿ ಓವನ್ ತಂದು, ಪ್ರತಿ ಭಾನುವಾರ ತನ್ನ ವೀರರ ಮುಖಗಳನ್ನು ಕ್ರೀಮಿನಲ್ಲಿ ಬರೆದು, ಸೋಮವಾರದೊಳಗೆ ತಿಂದು ಸಾಕ್ಷಿ ಇಲ್ಲದಂತೆ ಮಾಡುತ್ತಿದ್ದ. ಇದೆಲ್ಲ ಗೊತ್ತಿದ್ದದ್ದು ಹೆಂಡತಿಗೆ ಮಾತ್ರ. ಆಕೆ ಯಾರಿಗೂ ಹೇಳಿರಲಿಲ್ಲ, ಆಕೆಗೂ ನಾಚಿಕೆ ಇತ್ತು.

ಅವನ ಪ್ರಾಣವೆಂದರೆ ಸಿಡಿಲಜ್ಜಿ. ಮಂತ್ರದ ಛತ್ರಿ ಹಿಡಿದು ದುಷ್ಟರ ಮೇಲೆ ಸಿಡಿಲು ಬಿಡುವ ಅಜ್ಜಿ. ಮೂವತ್ತಾರನೆಯ ಸಂಚಿಕೆಯ ಕೊನೆಯಲ್ಲಿ ಖಳನೊಬ್ಬ ಛತ್ರಿ ಕಿತ್ತುಕೊಂಡು ಅಜ್ಜಿಯನ್ನು ಪಾತಾಳಕ್ಕೆ ದೂಡಿಬಿಟ್ಟಿದ್ದ. ಮೂವತ್ತೆಂಟನೆಯದರ ಮೊದಲ ಪುಟದಲ್ಲಿ ಅಜ್ಜಿ ಏನೂ ಆಗದವಳ ಹಾಗೆ ಮನೆಯಲ್ಲಿ ಕಾಫಿ ಕುಡಿಯುತ್ತಿದ್ದಳು. ನಡುವಿನ ಮೂವತ್ತೇಳು ಮಾತ್ರ ಅವನಿಗೆ ಸಿಕ್ಕಿರಲಿಲ್ಲ. ಅವಳು ಹೇಗೆ ಬದುಕಿದಳು ಎಂಬ ಪ್ರಶ್ನೆಯನ್ನು ಹನ್ನೆರಡನೆಯ ವಯಸ್ಸಿನಿಂದ ಮೂವತ್ತೆರಡು ವರ್ಷ ಹೊತ್ತು ತಿರುಗಿದ್ದ.

ಪಾಕ ಚೆಲ್ಲಿದ ದಿನಕ್ಕೆ ಸರಿಯಾಗಿ ಒಂದು ವರ್ಷದ ಹಿಂದೆ ಯಾರೋ ಕಂಡಕ್ಟರ್ ಒಂದು ಬಟ್ಟೆ ಚೀಲ ತಂದು ಮೇಜಿನ ಮೇಲೆ ಒಗೆದುಹೋದ. ಪಟ್ಟಿ ಮಾಡಲು ಚೀಲ ಬಿಚ್ಚಿದರೆ ಒಳಗಿನಿಂದ ಸಿಡಿಲಜ್ಜಿ ನಗುತ್ತಿದ್ದಳು. ಸಂಚಿಕೆ ಮೂವತ್ತೇಳು! ಇನ್ನೊಬ್ಬನಾಗಿದ್ದರೆ ಅಲ್ಲೇ ಓದಿ ಮುಗಿಸುತ್ತಿದ್ದ. ರಸೀದಿಯಣ್ಣ ಓದಲಿಲ್ಲ. ನಿಯಮದ ಪ್ರಕಾರ ಯಾವ ವಸ್ತುವಾದರೂ ಒಂದು ವರ್ಷ ಬೀರುವಿನಲ್ಲಿರಬೇಕು. ವರ್ಷ ತುಂಬಿದ ದಿನ ಸಂಜೆ ಐದರೊಳಗೆ ಯಾರೂ ಕೇಳಿಕೊಂಡು ಬರದಿದ್ದರೆ ಅದು ಬೇಕೆನಿಸಿದ ನೌಕರ, ಸಾಹೇಬರ ಸಹಿ ಪಡೆದು ಒಯ್ಯಬಹುದು. ಪರರ ವಸ್ತುವಿನ ಪುಟ ತಿರುವುವುದೂ ಕಳ್ಳತನವೇ ಎಂದು ಅವನು ಮುನ್ನೂರ ಅರವತ್ತನಾಲ್ಕು ದಿನ ಆ ಬೀರುವಿನ ಮುಂದೆ ಕೂತಿದ್ದ.

ಕೊನೆಯ ದಿನಕ್ಕೆ ಮುಂಚಿನ ಸಂಜೆ ಮನಸ್ಸು ಜಾರಿತು. ಐದು ಗಂಟೆಯ ಸಂಭ್ರಮಕ್ಕೊಂದು ಕೇಕ್ ಬೇಕು, ಕೇಕಿನ ಮೇಲೆ ಸಿಡಿಲಜ್ಜಿ ಬೇಕು, ಅವಳನ್ನು ಬರೆಯಲು ಮುಖಪುಟ ಬೇಕು. ಪುಸ್ತಕವನ್ನು ಊಟದ ಡಬ್ಬಿಯ ಚೀಲದಲ್ಲಿಟ್ಟುಕೊಂಡು ಮನೆಗೆ ತಂದ. "ಓದಲ್ಲ, ಮುಖಪುಟ ನೋಡ್ತೀನಿ ಅಷ್ಟೇ" ಎಂದು ಹೆಂಡತಿಗೆ ಆಣೆ ಮಾಡಿದ.

ಬೆಳಿಗ್ಗೆ ಎಂಟಕ್ಕೆ ಕ್ರೀಮಿನ ಅಜ್ಜಿ ಮುಗಿದಿದ್ದಳು. ಅಂಚಿಗೆ ಸುರಿಯಲು ಪಾಕ ಸೌಟಿನಲ್ಲಿತ್ತು. ಆಗ ಫ್ಯಾನಿನ ಗಾಳಿಗೆ ಪುಸ್ತಕ ಪಟಪಟನೆ ತೆರೆದುಕೊಂಡಿತು. ಕಣ್ಣು ಬಿದ್ದರೆ ಆಣೆ ಮುರಿದ ಹಾಗಲ್ಲವೇ? ರಸೀದಿಯಣ್ಣ ಗಟ್ಟಿಯಾಗಿ ಕಣ್ಣು ಮುಚ್ಚಿಕೊಂಡು ಪುಸ್ತಕ ಮುಚ್ಚಲು ಕೈಚಾಚಿದ. ಚಾಚಿದ್ದು ಸೌಟು ಹಿಡಿದಿದ್ದ ಕೈ. ಪಾಕ ಸುರಿಯಿತು, ಅದರ ಮೇಲೆ ಇನ್ನೊಂದು ಕೈ ಪುಸ್ತಕವನ್ನು ಮುಚ್ಚಿ ಒತ್ತಿತು.

"ಏನ್ರೀ ಅದು?" ಎಂದಳು ಹೆಂಡತಿ.

"ಓದಲಿಲ್ಲ ಕಣೇ" ಎಂದ ಅವನು, ಇನ್ನೂ ಕಣ್ಣು ಮುಚ್ಚಿಕೊಂಡೇ.

"ಇನ್ನು ಓದೋಕೂ ಆಗಲ್ಲ ಬಿಡಿ."

ನಿಜ. ಮೊದಲ ಎರಡು ಹಾಳೆ ಬೆಸುಗೆ ಹಾಕಿದಂತೆ ಅಂಟಿಹೋಗಿದ್ದವು. ಅಜ್ಜಿ ಬದುಕುವ ಪುಟ ಅಲ್ಲೇ ಇರಬೇಕು. ರಸೀದಿಯಣ್ಣ ಪುಸ್ತಕವನ್ನು ಮತ್ತೆ ಊಟದ ಡಬ್ಬಿಯ ಚೀಲಕ್ಕೆ ತುರುಕಿದ. ಸಂಜೆಯವರೆಗೆ ಯಾರೂ ಬರದಿರಲಿ, ಆಮೇಲೆ ನನ್ನ ವಸ್ತು, ನನ್ನ ಪಾಕ ಎಂದುಕೊಂಡು ಚೀಲವನ್ನೂ ಕೇಕಿನ ಡಬ್ಬವನ್ನೂ ಹಿಡಿದು ಕೆಲಸಕ್ಕೆ ಹೊರಟ.

ಕೊಠಡಿಗೆ ಕಾಲಿಟ್ಟು ಐದು ನಿಮಿಷವಾಗಿರಲಿಲ್ಲ, ಪಕ್ಕದ ಟಿಕೆಟ್ ಕೌಂಟರಿನ ಅಕ್ಕ ಮೂಗು ಅರಳಿಸಿಕೊಂಡು ಬಂದಳು. ಇಡೀ ನಿಲ್ದಾಣದ ಸುದ್ದಿ ಅವಳ ಕಿಟಕಿಯ ಮೂಲಕವೇ ಓಡಾಡಬೇಕು.

"ಏನೋ ಘಮ ಅಂತಿದೆಯಲ್ಲ ರಸೀದಿಯಣ್ಣ!" ಎನ್ನುತ್ತ ಅವಳು ಡಬ್ಬದ ಮುಚ್ಚಳ ತೆಗೆದೇಬಿಟ್ಟಳು. "ಅಯ್ಯೋ, ಯಾರಿದು ಮುದುಕಿ?"

ಸಿಡಿಲಜ್ಜಿ ಎಂದು ಹೇಳುವ ಧೈರ್ಯವಿದ್ದಿದ್ದರೆ ಕತೆ ಅಲ್ಲಿಗೇ ಮುಗಿಯುತ್ತಿತ್ತು. "ನಮ್ಮ ಅಜ್ಜಿ" ಎಂದ ರಸೀದಿಯಣ್ಣ. "ಇವತ್ತು ಹುಟ್ಟಿದ ದಿನ."

"ಎಷ್ಟು ವರ್ಷ?"

"ತೊಂಬತ್ತೆರಡು."

ಹತ್ತು ನಿಮಿಷದಲ್ಲಿ ಸುದ್ದಿ ನಿಲ್ದಾಣದ ಮೇಲಧಿಕಾರಿಗಳಾದ ಸಾಹೇಬರ ಕಿವಿ ಮುಟ್ಟಿತು. ಸಾಹೇಬರು ಕನ್ನಡಕ ಹಣೆಗೇರಿಸಿಕೊಂಡು ಬಂದು ಬಾಗಿಲಲ್ಲಿ ನಿಂತರು. "ಅಲ್ರೀ, ಎಂಟು ವರ್ಷದ ಹಿಂದೆ ಅಜ್ಜಿ ತೀರ್ಕೊಂಡ್ರು ಅಂತ ನಾಲ್ಕು ದಿನ ರಜೆ ತಗೊಂಡಿದ್ರಲ್ಲ? ನಾನೇ ಸಹಿ ಹಾಕಿದ್ದೆ."

"ಅದು ಅಪ್ಪನ ಕಡೆಯವರು ಸಾರ್. ಇವರು ಅಮ್ಮನ ಕಡೆಯವರು" ಎಂದ ರಸೀದಿಯಣ್ಣ. ಇಪ್ಪತ್ತು ವರ್ಷದಲ್ಲಿ ಒಂದು ಸುಳ್ಳೂ ಹೇಳದವನು ಬೆಳಿಗ್ಗೆ ಹತ್ತರೊಳಗೆ ಮೂರು ಹೇಳಿದ್ದ.

"ಪಾಪ, ಅವರನ್ನೇ ಕರೆಸಿ. ಸಂಜೆ ಇಲ್ಲೇ ಕೇಕ್ ಕತ್ತರಿಸೋಣ" ಎಂದರು ಸಾಹೇಬರು.

"ಅವರಿಗೆ ನಡೆಯೋಕಾಗಲ್ಲ ಸಾರ್" ಎಂದದ್ದು ನಾಲ್ಕನೆಯದು.

ಹಗಲಿಡೀ ಅವನು ಗಡಿಯಾರ ನೋಡಿದ. ಯಾರೋ ಛತ್ರಿ ಕೇಳಿಕೊಂಡು ಬಂದರೆ ಊಟದ ಡಬ್ಬಿಯ ಚೀಲವನ್ನು ಕಾಲಿನಿಂದ ಮೇಜಿನಡಿ ಇನ್ನಷ್ಟು ಒಳಗೆ ತಳ್ಳುತ್ತಿದ್ದ. ಮೂರಾಯಿತು, ನಾಲ್ಕಾಯಿತು. ನಾಲ್ಕೂ ಹತ್ತಕ್ಕೆ ಹೊರಗೆ ಟಿಕೆಟ್ ಅಕ್ಕನ ಕೂಗು ಕೇಳಿಸಿತು.

"ರಸೀದಿಯಣ್ಣ! ನಡೆಯೋಕಾಗಲ್ಲ ಅಂದ್ರಿ, ಅಜ್ಜಿ ಕುದುರೆ ಥರ ಬಂದುಬಿಟ್ರು ನೋಡಿ!"

ಅಕ್ಕನ ತೋಳು ಹಿಡಿದು ಸಣ್ಣ ಮೈಕಟ್ಟಿನ ಮುದುಕಿಯೊಬ್ಬಳು ಒಳಗೆ ಬಂದಳು. ನಿಲ್ದಾಣದಲ್ಲಿ ಅವಳು "ಕಳೆದುಹೋದ ವಸ್ತುಗಳ ಗುಮಾಸ್ತರು ಎಲ್ಲಿ?" ಎಂದು ಕೇಳಿದ್ದಷ್ಟೇ ತಡ, ಅಕ್ಕ ಎಳೆದುಕೊಂಡು ಬಂದಿದ್ದಳು. ಹಿಂದೆಯೇ ಸಾಹೇಬರು, ಅವರ ಹಿಂದೆ ಇಬ್ಬರು ಡ್ರೈವರುಗಳು, ಕೊಠಡಿ ಗುಡಿಸುವಾಕೆ. ಮುದುಕಿ ಬಾಯಿ ತೆರೆಯುವ ಮುಂಚೆಯೇ ಅವಳನ್ನು ಕುರ್ಚಿಯಲ್ಲಿ ಕೂರಿಸಿ, ಕೇಕ್ ಮುಂದಿಟ್ಟು, ಎಲ್ಲರೂ ಚಪ್ಪಾಳೆ ತಟ್ಟಿದರು.

ಮುದುಕಿ ಕಣ್ಣು ಕಿರಿದು ಮಾಡಿ ಕೇಕಿನ ಮೇಲೆ ಬಗ್ಗಿದಳು. "ಇವಳು ಇಲ್ಲಿಗೆ ಹೇಗೆ ಬಂದಳು?"

"ನೀವೇ ಅಲ್ವಾ ಅಜ್ಜಿ ಅದು? ಮೊಮ್ಮಗ ಬರೆದಿದ್ದಾನೆ" ಎಂದಳು ಟಿಕೆಟ್ ಅಕ್ಕ.

"ನನಗೆ ಮೊಮ್ಮಗನೇ ಇಲ್ವಲ್ಲಮ್ಮ. ಇವಳು ಸಿಡಿಲಜ್ಜಿ. ಮೂವತ್ತು ವರ್ಷದ ಹಿಂದೆ ಇವಳನ್ನು ಬರೀತಿದ್ದವಳು ನಾನು."

ಭೂಮಿ ಬಾಯಿಬಿಟ್ಟರೆ ಸಾಕು, ಒಳಗಿಳಿದುಬಿಡುತ್ತೇನೆ ಎನ್ನಿಸಿತು ರಸೀದಿಯಣ್ಣನಿಗೆ. ಯಾರ ಕಾಲಿಗೆ ಬೀಳಬೇಕೆಂದು ಬಾಲ್ಯವಿಡೀ ಕನಸು ಕಂಡಿದ್ದನೋ ಅವಳೇ ಎದುರಿಗೆ ಕೂತಿದ್ದಳು. ಅವನಿಗೆ ಅವಳ ಮುಖ ನೋಡಲಾಗಲಿಲ್ಲ.

ಮುದುಕಿ ವಿಷಯ ಹೇಳಿದಳು. ಸಿಡಿಲಜ್ಜಿಯ ಎಲ್ಲ ಸಂಚಿಕೆಗಳನ್ನೂ ಮತ್ತೆ ಅಚ್ಚು ಹಾಕುತ್ತಾರಂತೆ. ಮೂವತ್ತೇಳರದ್ದು ಲೋಕದಲ್ಲಿ ಉಳಿದಿದ್ದದ್ದು ಒಂದೇ ಪ್ರತಿ, ಅದು ಅವಳ ಚೀಲದಲ್ಲಿತ್ತು. "ಒಂದು ವರ್ಷದಿಂದ ಮನೆಯಲ್ಲೇ ಹುಡುಕ್ತಿದ್ದೆ. ಕನ್ನಡಕಾನೂ ಅದೇ ಚೀಲದಲ್ಲಿತ್ತಲ್ಲ, ಏನೂ ಸಿಗಲಿಲ್ಲ. ಬಸ್ಸಲ್ಲಿ ಬಿಟ್ಟಿರಬಹುದು ಅಂತ ನಿನ್ನೆ ಹೊಳೀತು."

ಸಾಹೇಬರು ರಿಜಿಸ್ಟರ್ ತೆರೆದು ರಸೀದಿಯಣ್ಣನ ಮುತ್ತಿನಂಥ ಅಕ್ಷರವನ್ನು ಗಟ್ಟಿಯಾಗಿ ಓದಿದರು. "ಬಟ್ಟೆ ಚೀಲ ಒಂದು. ಕನ್ನಡಕ ಒಂದು. ಅರ್ಧ ಹೆಣೆದ ಸ್ವೆಟರ್ ಒಂದು. ಚಿತ್ರಕತೆ ಪುಸ್ತಕ ಒಂದು, ಸಂಖ್ಯೆ ಮೂವತ್ತೇಳು. ತೆಗೀರಿ."

ಚೀಲ ಬಂತು, ಕನ್ನಡಕ ಬಂತು, ಅರ್ಧ ಸ್ವೆಟರೂ ಬಂತು. ಪುಸ್ತಕ ಬರಲಿಲ್ಲ.

"ಎಲ್ಲಿ?"

ರಸೀದಿಯಣ್ಣ ಬೀರುವಿನೊಳಗೆ ಇಣುಕಿ ನೋಡಿದ. "ಕಳೆದುಹೋಗಿರಬೇಕು ಸಾರ್."

"ಕಳೆದುಹೋದ ವಸ್ತುಗಳ ಕೊಠಡಿಯಲ್ಲೇ ಕಳೆದುಹೋದ್ರೆ ಇನ್ನೆಲ್ಲಿಗೆ ಹೋಗಿ ಕೇಳೋದ್ರೀ? ಬೀಗದ ಕೈ ಇನ್ಯಾರ ಹತ್ರ ಇದೆ?"

ಎಲ್ಲರೂ ಗುಡಿಸುವಾಕೆಯ ಕಡೆ ತಿರುಗಿದರು. ಅವಳು ಪೊರಕೆಯನ್ನು ಎದೆಗೆ ಅವುಚಿಕೊಂಡು ಹಿಂದೆ ಸರಿದಳು. "ನಾನ್ಯಾಕೆ ತಗೊಳ್ಲಿ ಸಾರ್? ನಂಗೆ ಓದೋಕೇ ಬರಲ್ಲ."

"ಚಿತ್ರ ನೋಡೋಕೆ ಓದು ಯಾಕಮ್ಮ? ನಾಳೆಯಿಂದ..."

ಅಷ್ಟು ಸಾಕಾಯಿತು. "ಸಾರ್, ಅವಳಲ್ಲ, ನಾನು" ಎಂದ ರಸೀದಿಯಣ್ಣ. ಊಟದ ಡಬ್ಬಿಯ ಚೀಲದಿಂದ ಪುಸ್ತಕ ತೆಗೆದು ಮೇಜಿನ ಮೇಲಿಟ್ಟು, ತಲೆ ತಗ್ಗಿಸಿ ಎಲ್ಲ ಒಪ್ಪಿಸಿದ. ಮೂವತ್ತೆರಡು ವರ್ಷ, ಮುಖಪುಟ, ಫ್ಯಾನು, ಮುಚ್ಚಿದ ಕಣ್ಣು, ಪಾಕ. ಡ್ರೈವರೊಬ್ಬ ನಗು ತಡೆಯಲಾಗದೆ ಹೊರಗೆ ಓಡಿದ.

"ಈ ವಯಸ್ಸಲ್ಲಿ ಚಿತ್ರಕತೆ!" ಎಂದಳು ಟಿಕೆಟ್ ಅಕ್ಕ. ಸಾಹೇಬರು ಅವನ ಮುಖ ನೋಡದೆ ಕನ್ನಡಕ ತೆಗೆದು ಒರೆಸಿಕೊಂಡರು. ಅವನಿಗೆ ಅದೇ ಹೆಚ್ಚು ಚುಚ್ಚಿತು.

ಅಕ್ಕ ಚಹಾದ ಕೆಟಲ್ ತಂದಳು. ಆವಿ ಹಿಡಿದರೆ ಪಾಕ ಕರಗುತ್ತದೆಂದು ಎಲ್ಲರೂ ಒಂದೊಂದು ಮೂಲೆ ಹಿಡಿದು, "ಮೆಲ್ಲಗೆ, ಮೆಲ್ಲಗೆ" ಎಂದು ಒಬ್ಬರನ್ನೊಬ್ಬರು ಗದರಿಸಿಕೊಂಡರು. ಕೊನೆಗೂ ಹಾಳೆ ಬಿಟ್ಟುಕೊಂಡಿತು. ಪುಟವಿಡೀ ಕಪ್ಪು! ಒಂದು ಗೆರೆಯೂ ಕಾಣುತ್ತಿರಲಿಲ್ಲ.

"ಸುಟ್ಟೇಹಾಕಿದ್ದೀರಲ್ರೀ!" ಎಂದರು ಸಾಹೇಬರು.

ರಸೀದಿಯಣ್ಣನ ಕಣ್ಣಲ್ಲಿ ನೀರು ತುಂಬಿತು. "ಅಮ್ಮಾ, ಲೋಕದಲ್ಲಿದ್ದದ್ದು ಒಂದೇ ಪ್ರತಿ. ಅದನ್ನೂ ನಾನು ಹಾಳು ಮಾಡಿದೆ."

ಮುದುಕಿ ತನ್ನ ಕನ್ನಡಕ ಏರಿಸಿಕೊಂಡು ಪುಟ ನೋಡಿದಳು. ಭುಜ ಕುಲುಕತೊಡಗಿತು. ಅಳುತ್ತಿದ್ದಾಳೆಂದುಕೊಂಡರೆ, ನಗುತ್ತಿದ್ದಳು.

"ಇದು ನಿಮ್ಮ ಪಾಕ ಅಲ್ಲಪ್ಪ, ನನ್ನ ಶಾಯಿ. ಅವಳನ್ನ ಪಾತಾಳಕ್ಕೆ ತಳ್ಳಿಬಿಟ್ಟೆ, ಎತ್ತೋದು ಹೇಗೆ ಅಂತ ಆ ವಾರ ಹೊಳೀಲೇ ಇಲ್ಲ. ಅಚ್ಚಿನವರು ಬಾಗಿಲಲ್ಲಿ ನಿಂತಿದ್ರು. ಒಂದು ಸೀಸೆ ಶಾಯಿ ಪುಟದ ಮೇಲೆ ಸುರಿದು ಕೊಟ್ಟೆ. ಕೆಳಗೆ ಓದಿ."

ಕಪ್ಪಿನ ಕೆಳಗೆ ಸಣ್ಣ ಅಕ್ಷರದಲ್ಲಿ ಅಚ್ಚಾಗಿತ್ತು: ಶಾಯಿ ಚೆಲ್ಲಿತು. ಅಜ್ಜಿ ಹೇಗೋ ಬದುಕಿದಳು. ಓದುಗರು ಕ್ಷಮಿಸಬೇಕು.

ರಸೀದಿಯಣ್ಣ ಅದನ್ನು ಎರಡು ಸಲ ಓದಿದ. ಮೂವತ್ತೆರಡು ವರ್ಷ ಕಾದದ್ದು ಇದಕ್ಕೆ. ಮಾನ ಹೋದದ್ದೂ ಇದಕ್ಕೇ. ಆ ಬೆಳಿಗ್ಗೆ ಕಣ್ಣು ಬಿಟ್ಟು ನೋಡಿದ್ದರೆ ಕಾಣುತ್ತಿದ್ದದ್ದು ಇಷ್ಟೇ.

"ಈಗ ಹೊಸದಾಗಿ ಅಚ್ಚು ಹಾಕೋರು ಶಾಯಿ ನೆಪ ಒಪ್ಪಲ್ಲ ಅಂತಾರೆ" ಎಂದಳು ಮುದುಕಿ. "ಹಳೇ ಪುಸ್ತಕ ನೋಡಿದ್ರೆ ಏನಾದ್ರೂ ಹೊಳೆದೀತು ಅಂತಿದ್ದೆ. ನೀವು ಇಷ್ಟು ವರ್ಷ ಯೋಚನೆ ಮಾಡಿದೀರಲ್ಲ, ಹೇಳಿ. ಹೇಗೆ ಬದುಕಿದಳು?"

ರಸೀದಿಯಣ್ಣನ ಮುಖ ಬೆಳಗಿತು. ಅವನ ಬಳಿ ನಲವತ್ತು ಉತ್ತರಗಳಿದ್ದವು. ಅತ್ಯುತ್ತಮವಾದದ್ದನ್ನು ಆರಿಸಿದ. "ಒಂದು ದೊಡ್ಡ ಹದ್ದು ಬಂದು..."

"ಹದ್ದು ಹನ್ನೆರಡನೇ ಸಂಚಿಕೆಯಲ್ಲಿ ಬಂದುಹೋಯ್ತಲ್ಲಪ್ಪ."

ಅಭಿಮಾನಿಯಾಗಿ ಅದನ್ನು ಮರೆತದ್ದಕ್ಕೆ ಅವನಿಗೆ ಎಲ್ಲಕ್ಕಿಂತ ಹೆಚ್ಚು ನಾಚಿಕೆಯಾಯಿತು.

"ಇದಕ್ಕೇನಜ್ಜಿ ಅಷ್ಟು ಯೋಚನೆ?" ಎಂದಳು ಟಿಕೆಟ್ ಅಕ್ಕ, ಜೀವನದಲ್ಲಿ ಒಂದು ಚಿತ್ರಕತೆಯನ್ನೂ ಮುಟ್ಟದವಳು. "ಪಾತಾಳದಲ್ಲಿ ಇವರಂಥ ಒಬ್ಬ ಪೆದ್ದ ಕಣ್ಣು ಮುಚ್ಕೊಂಡು ದೊಡ್ಡ ಬಾಣಲೇಲಿ ಪಾಕ ತಿರುವ್ತಾ ಕೂತಿದ್ದ ಅನ್ನಿ. ಅಜ್ಜಿ ಬಂದು ಅದ್ರಲ್ಲಿ ಬಿದ್ದು ಅಂಟ್ಕೊಂಡ್ಲು!"

ಮುದುಕಿ ಮೇಜು ಗುದ್ದಿದಳು. "ಸಿಕ್ಕಿತು!"

ಅವಳು ರಸೀದಿ ಪುಸ್ತಕದ ಹಿಂಬದಿಯಲ್ಲೇ ಪೆನ್ಸಿಲ್ ಆಡಿಸತೊಡಗಿದಳು. "ಅಲ್ಲಾಡಬೇಡಿ ಗುಮಾಸ್ತರೇ. ಸೌಟು ಹಿಡಿದ ಹಾಗೆ ಕೈ ಚಾಚಿ. ಕಣ್ಣು ಮುಚ್ಚಿ." ಸಾಹೇಬರು, ಅಕ್ಕ, ಡ್ರೈವರು, ಪೊರಕೆ ಹಿಡಿದಾಕೆ ಸುತ್ತ ನಿಂತು ಕೇಕ್ ತಿನ್ನುತ್ತ ನೋಡಿದರು. ರಸೀದಿಯಣ್ಣ ಕೈಚಾಚಿ ಕಣ್ಣು ಮುಚ್ಚಿ ನಿಂತ. ತೆರೆಯುವ ಆಸೆಯೂ ಇರಲಿಲ್ಲ. ಗೋಡೆ ಗಡಿಯಾರ ಐದು ಹೊಡೆಯಿತು.

ಕಣ್ಣು ಬಿಟ್ಟಾಗ ಮುದುಕಿ ಚಿತ್ರವನ್ನೂ ಪುಸ್ತಕವನ್ನೂ ಚೀಲಕ್ಕೆ ಸೇರಿಸಿಯಾಗಿತ್ತು. "ಒಂದು ಸಲ ನೋಡಬಹುದಾ ಅಮ್ಮ?" ಎಂದ.

"ಅಚ್ಚಾದ ಮೇಲೆ ನೋಡಿ. ಅಚ್ಚಿನವರದ್ದು ಗೊತ್ತಲ್ಲ, ಯಾವಾಗ ಅಂತ ಹೇಳೋಕಾಗಲ್ಲ." ಎಲ್ಲರೂ ನೋಡಿದ್ದರು, ಅವನೊಬ್ಬನನ್ನು ಬಿಟ್ಟು.

ಮನೆಯ ಬಾಗಿಲಲ್ಲೇ ಹೆಂಡತಿ ಕೇಳಿದಳು. "ಗೊತ್ತಾಯ್ತೇನ್ರೀ? ಹೇಗೆ ಬದುಕಿದಳಂತೆ?"

"ಪಾಕದ ಬಾಣಲೆಗೆ ಬಿದ್ದಳಂತೆ."

"ಪಾತಾಳದಲ್ಲಿ ಪಾಕ ಕಾಯಿಸ್ತಾ ಕೂತಿದ್ದ ಪೆದ್ದ ಯಾರಂತೆ?"

ರಸೀದಿಯಣ್ಣ ಚಪ್ಪಲಿ ಬಿಡುವ ನೆಪದಲ್ಲಿ ಬಗ್ಗಿದ.

"ಹೊಸ ಪುಸ್ತಕ ಬರಲಿ, ನೋಡೋಣ" ಎಂದ.