ಊಟಕ್ಕೆ ಮೊದಲು ಹಾಜರಿ

ನನ್ನ ಗಂಡನನ್ನು ನಮ್ಮ ಅತ್ತೆ ಹೆತ್ತರೋ ಅಥವಾ ಅಡ್ಮಿಷನ್ ಮಾಡಿಕೊಂಡರೋ ಎಂಬ ಅನುಮಾನ ನನಗೆ ಮದುವೆಯಾದಾಗಿನಿಂದ ಇದೆ. ನಗಬೇಡಿ. ಒಂದು ಸಂಜೆ ನಮ್ಮ ಮನೆಗೆ ಊಟಕ್ಕೆ ಬನ್ನಿ, ನಿಮಗೂ ಬರುತ್ತದೆ. ತಟ್ಟೆ ಹಾಕಿ, ಅನ್ನ ಬಡಿಸಿ, ಸಾರಿನ ಸೌಟು ಎತ್ತುವ ಹೊತ್ತಿಗೆ ಅತ್ತೆ ಕನ್ನಡಕದ ಮೇಲಿಂದ ನಮ್ಮನ್ನೊಮ್ಮೆ ನೋಡಿ ಹೆಸರು ಕೂಗುತ್ತಾರೆ. ಬ್ಯಾಂಕಿನಲ್ಲಿ ನಾಲ್ಕು ಜನಕ್ಕೆ ಸಾಹೇಬರಾಗಿರುವ, ಕಿವಿಯ ಹತ್ತಿರ ನರೆ ಬಂದಿರುವ ನನ್ನ ಗಂಡ ತಲೆ ತಗ್ಗಿಸಿ "ಹಾಜರ್" ಎನ್ನುತ್ತಾರೆ. ರೋಲ್ ನಂಬರ್ ಎರಡು ನಾನು. ಮೂರನೆಯದು ನಾಲ್ಕನೇ ಕ್ಲಾಸಿನ ನಮ್ಮ ಮಗಳು. ಅವಳು "ಪ್ರೆಸೆಂಟ್ ಅಜ್ಜಿ" ಎನ್ನುತ್ತಾಳೆ. ಕನ್ನಡದಲ್ಲಿ ಹೇಳು ಅಂದರೆ "ಮೈ ಇಲ್ಲೇ ಇದೀನಿ" ಎಂದು ಹಿಂದಿ ಬೆರೆಸುತ್ತಾಳೆ. ಮುಂಬಯಿಯ ಸಯನ್ನಿನ ಒಂದು ಬೆಡ್‌ರೂಮಿನ ಫ್ಲ್ಯಾಟಿನಲ್ಲಿ, ಮೊಣಕೈಗೆ ಮೊಣಕೈ ತಾಗಿಸಿಕೊಂಡು ಕೂತ ಮೂವರಲ್ಲಿ ಯಾರು ತಾನೇ ಗೈರುಹಾಜರಾಗಲು ಸಾಧ್ಯ? ಆದರೂ ಹಾಜರಿ ಮುಗಿಯದೆ ಸಾರು ಬೀಳುವುದಿಲ್ಲ!

ಅತ್ತೆಯ ಹೆಸರನ್ನು ಇಲ್ಲಿ ಬರೆಯುವ ಧೈರ್ಯ ನನಗಿಲ್ಲ. ಬರೆದರೆ ಕೆಂಪು ಶಾಯಿಯಲ್ಲಿ ಇಡೀ ಪ್ರಬಂಧ ತಿದ್ದಿ ವಾಪಸ್ ಕೊಡುತ್ತೇನೆಂದು ಹೇಳಿದ್ದಾರೆ. ಧಾರವಾಡದಿಂದ ಮದುವೆಯಾಗಿ ಮುಂಬಯಿಗೆ ಬಂದವರು. ಇಲ್ಲಿನ ಒಂದು ಕನ್ನಡ ಶಾಲೆಯಲ್ಲಿ ಮೂವತ್ತಾರು ವರ್ಷ ಪಾಠ ಹೇಳಿ ನಿವೃತ್ತರಾದರು. ನಿವೃತ್ತರಾದದ್ದು ಶಾಲೆಯಿಂದ ಮಾತ್ರ, ಅಷ್ಟೇ.

ಕಳೆದ ವರ್ಷ ನಮ್ಮ ಸೊಸೈಟಿಯ ಮೀಟಿಂಗಿನಲ್ಲಿ ಟೆರೇಸು ಸೋರುವ ವಿಷಯಕ್ಕೆ ದೊಡ್ಡ ಗಲಾಟೆಯಾಯಿತು. ಮರಾಠಿ, ಗುಜರಾತಿ, ಹಿಂದಿ ಮೂರರಲ್ಲೂ ಬೈಗುಳ ಹಾರಾಡುತ್ತಿದ್ದವು. ಮೂರನೇ ಮಹಡಿಯ ಒಬ್ಬ ಹಿರಿಯರಂತೂ ಕುರ್ಚಿಯ ಮೇಲೆ ಹತ್ತುವುದೊಂದೇ ಬಾಕಿ. ಅತ್ತೆ ಎದ್ದರು. ಕೈ ಹಿಂದೆ ಕಟ್ಟಿಕೊಂಡು ಸುಮ್ಮನೆ ನಿಂತರು. ಆಮೇಲೆ ಪಕ್ಕದಲ್ಲಿದ್ದ ನನಗೇ ಕೇಳದಷ್ಟು ಸಣ್ಣ ದನಿಯಲ್ಲಿ ಮಾತು ಶುರು ಮಾಡಿದರು. ಏನು ಹೇಳುತ್ತಿದ್ದಾರೆಂದು ತಿಳಿಯದೆ ಮುಂದಿನ ಸಾಲಿನವರು ಹಿಂದಿನವರನ್ನು ಸುಮ್ಮನಾಗಿಸಿದರು, ಅವರು ಅವರ ಹಿಂದಿನವರನ್ನು. ಎರಡು ನಿಮಿಷದಲ್ಲಿ ಫ್ಯಾನಿನ ಸದ್ದು ಕೇಳತೊಡಗಿತು. ಆಗ ಅತ್ತೆ ಆ ಮೂರನೇ ಮಹಡಿಯವರ ಕೈಗೆ ನೋಟ್‌ಬುಕ್ಕು, ಪೆನ್ನು ಕೊಟ್ಟು, ಎಲ್ಲರೂ ಹೇಳುವುದನ್ನು ನೀವೇ ಬರೆದುಕೊಳ್ಳಿ ಎಂದರು. ಬರೆಯುವವನು ಕೂಗುವುದು ಹೇಗೆ? ಆ ಹಿರಿಯರು ಈಗಲೂ ಲಿಫ್ಟಿನಲ್ಲಿ ಸಿಕ್ಕರೆ "ಗುಡ್ ಮಾರ್ನಿಂಗ್ ಟೀಚರ್" ಎನ್ನುತ್ತಾರೆ.

ಇಂಥವರ ಮನೆಯಲ್ಲಿದ್ದುಕೊಂಡು ನಾನು ಮಾಡಬಾರದ ಕೆಲಸವೊಂದನ್ನು ಮಾಡಿದೆ. ನಾನೂ ಟೀಚರಾದೆ!

ಘಾಟ್ಕೋಪರ್‌ನ ಒಂದು ಇಂಗ್ಲಿಷ್ ಮೀಡಿಯಂ ಶಾಲೆ. ಒಂದು ವರ್ಷ ಪ್ರೊಬೇಷನ್. ನನಗೆ ಸಿಕ್ಕಿದ್ದು ಏಳನೇ ಕ್ಲಾಸಿನ ಬಿ ವಿಭಾಗ. ನನಗಿಂತ ಮುಂಚೆ ಇಬ್ಬರು ಟೀಚರುಗಳು ಆ ಕ್ಲಾಸಿನಿಂದ ನೇರ ಮನೆಗೆ ಹೋಗಿದ್ದರು ಎಂದು ಸ್ಟಾಫ್ ರೂಮಿನಲ್ಲಿ ಮೊದಲ ದಿನವೇ ಹೇಳಿದರು, ಚಹಾ ಕೊಡುತ್ತಾ. ನಾನು ಹೆದರಲಿಲ್ಲ. ನಾನು ಹುಟ್ಟಿ ಬೆಳೆದದ್ದು ಗ್ರಾಂಟ್ ರೋಡಿನಲ್ಲಿ, ಉಡುಪಿ ಹೋಟೆಲಿನ ಮಹಡಿಯ ಮೇಲೆ. ಅಪ್ಪನ ಹೋಟೆಲಿನಲ್ಲಿ ಯಾರ ದನಿ ದೊಡ್ಡದೋ ಅವನ ಟೇಬಲ್ಲಿಗೆ ದೋಸೆ ಮೊದಲು. ಆ ಲೆಕ್ಕದಲ್ಲೇ ನಾನು ಕ್ಲಾಸಿಗೂ ಹೋದೆ. ನಾನು ಕೂಗಿದೆ, ನಲವತ್ತೆಂಟು ಮಕ್ಕಳು ಅದಕ್ಕಿಂತ ಜೋರಾಗಿ ಕೂಗಿದರು. ಮೂರು ತಿಂಗಳಲ್ಲಿ ನನ್ನ ಗಂಟಲು ಕೆಟ್ಟಿತು. ಮಕ್ಕಳ ಗಂಟಲು ಮಾತ್ರ ದಿನದಿನಕ್ಕೆ ಹುರಿಗೊಂಡಿತು. ಅವರ ನಾಯಕಿ ರೋಲ್ ನಂಬರ್ ಇಪ್ಪತ್ತಮೂರು, ಎರಡು ಜಡೆಯ ಒಬ್ಬ ಹುಡುಗಿ. ಅವಳು ಕೆಮ್ಮಿದರೆ ಇಡೀ ಕ್ಲಾಸಿಗೆ ಕೆಮ್ಮು ಬರುತ್ತಿತ್ತು.

ಹೀಗಿರುವಾಗ ಒಂದು ಸೋಮವಾರ ಪ್ರಿನ್ಸಿಪಾಲರ ಚೀಟಿ ಬಂತು. ಗುರುವಾರ ಮೊದಲ ಪೀರಿಯಡ್ಡಿಗೆ ಪ್ರಿನ್ಸಿಪಾಲರು ಮತ್ತು ಸುಪರ್‌ವೈಸರ್ ಮೇಡಂ ನನ್ನ ಪಾಠ ನೋಡಲು ಬರುತ್ತಾರೆ. ನನ್ನನ್ನು ಉಳಿಸಿಕೊಳ್ಳಬೇಕೋ ಬೇಡವೋ ಎಂಬುದು ಆ ಪಾಠದ ಮೇಲೆ. ಅಂದಿನಿಂದ ನನಗೆ ನಿದ್ದೆಯಿಲ್ಲ, ಊಟ ಸೇರದು. ಸಮುದ್ರದ ಉಬ್ಬರವಿಳಿತದ ಪಾಠಕ್ಕೆ ಹನ್ನೆರಡು ಪುಟದ ಪ್ಲ್ಯಾನ್ ಬರೆದೆ. ಯಾವ ನಿಮಿಷದಲ್ಲಿ ಯಾವ ಪ್ರಶ್ನೆ, ಯಾವ ಪ್ರಶ್ನೆಗೆ ನಾನು ಮುಗುಳ್ನಗಬೇಕು, ಎಲ್ಲವೂ ಅದರಲ್ಲಿತ್ತು. ಬುಧವಾರ ಸಂಜೆ ಅದನ್ನು ಅತ್ತೆಯ ಮುಂದಿಟ್ಟೆ. ಅವರು ಮೇಥಿ ಸೊಪ್ಪು ಬಿಡಿಸುತ್ತಿದ್ದರು. ಪ್ಲ್ಯಾನಿನ ಮೇಲೆ ಸೊಪ್ಪಿನ ದಂಟು ಇಟ್ಟರು. ಓದಲಿಲ್ಲ! ಹಾಜರಿ ಹೇಗೆ ತೆಗೆದುಕೊಳ್ಳುತ್ತೀ ಎಂದು ಕೇಳಿದರು.

ಈಗ ಯಾರೂ ಕೂಗುವುದಿಲ್ಲ, ಮೊಬೈಲ್ ಆ್ಯಪಿನಲ್ಲಿ ಖಾಲಿ ಬೆಂಚು ನೋಡಿ ಒತ್ತುತ್ತೇವೆ, ಅರ್ಧ ನಿಮಿಷದ ಕೆಲಸ ಎಂದೆ. ಅತ್ತೆ ಒಂದು ಎಲೆಯನ್ನು ಬೆಳಕಿಗೆ ಹಿಡಿದು ನೋಡಿದರು.

"ನೋಡವಾ, ಹಾಜರಿ ಅಂದ್ರ ಯಾರು ಬಂದಾರ ಅಂತ ಅಲ್ಲ, ಹೆಂಗ ಬಂದಾರ ಅಂತ. ಹೆಸರು ಕೂಗಿ ಕಿವಿ ಕೊಡು. ಹೋಂವರ್ಕ್ ಮಾಡಿಲ್ಲಂದ್ರ ದನಿ ಭಾಳ ಜೋರ್ ಬರ್ತದ. ಮನ್ಯಾಗ ಜಗಳ ಆಗಿದ್ರ ತಡಾ ಮಾಡಿ ಬರ್ತದ. ಹೊಟ್ಟಿ ಖಾಲಿ ಇದ್ರ ಅರ್ಧಕ್ಕ ನಿಲ್ತದ."

ನನಗೆ ರೇಗಿಹೋಯಿತು. ನಾಳೆ ನನ್ನ ಕೆಲಸ ಹೋಗುವುದರಲ್ಲಿದೆ, ಇವರು ಮಕ್ಕಳ ಹೊಟ್ಟೆಯ ಮಾತಾಡುತ್ತಿದ್ದಾರೆ! ಅರ್ಧಕ್ಕೆ ನಿಂತರೆ ನಾನೇನು ಇಡ್ಲಿ ಬೇಯಿಸಿ ಹಾಕಲೇ ಎಂದು ಕೇಳಿದೆ. ಅತ್ತೆ ಸಿಟ್ಟಾಗಲಿಲ್ಲ.

"ಹಸಿವೇನು ಅಂತ ಎಲ್ಲಾರ ಮುಂದ ಕೇಳಬ್ಯಾಡ. ಹಸದ ಕೂಸು ಹೌದು ಅನ್ನಂಗಿಲ್ಲ. ಡಬ್ಬಿ ಕೈಯಾಗ ಕೊಟ್ಟು, ಉಂಡಿ ಕೆಟ್ಟಾವೇನು, ತಿಂದು ನೋಡಿ ಹೇಳು ಅನ್ನು. ಅದು ಕೆಲಸ, ಭಿಕ್ಷಾ ಅಲ್ಲ."

ಅತ್ತೆಯ ಚೀಲದಲ್ಲಿ ಸದಾ ಒಂದು ಶೇಂಗಾ ಉಂಡೆಯ ಸ್ಟೀಲ್ ಡಬ್ಬಿ ಇರುತ್ತಿದ್ದುದು ಯಾಕೆಂದು ನನಗೆ ಆಗ ತಿಳಿಯಿತು. ಇಷ್ಟು ವರ್ಷ ನಾನು ಅದನ್ನು ಅವರ ಬಾಯಿಚಪಲ ಎಂದುಕೊಂಡಿದ್ದೆ. ಆದರೆ ತಿಳಿದದ್ದನ್ನು ಒಪ್ಪಿಕೊಳ್ಳುವ ಸ್ಥಿತಿಯಲ್ಲಿ ನಾನಿರಲಿಲ್ಲ. "ಅತ್ತೆ, ನಿಮ್ಮ ಕಾಲ ಮುಗೀತು, ಈಗ ಎಲ್ಲ ಬೇರೆ," ಎಂದುಬಿಟ್ಟೆ. ಹೇಳಿದ ಕೂಡಲೇ ನಾಲಿಗೆ ಕಚ್ಚಿಕೊಂಡೆ. ಅವರು ದಂಟು ಎತ್ತಿ ನನ್ನ ಪ್ಲ್ಯಾನನ್ನು ಒರೆಸಿ ವಾಪಸ್ ಕೊಟ್ಟರು. ಅಂದು ಊಟಕ್ಕೆ ಮೊದಲು ನಾನು ಹೇಳಿದ "ಹಾಜರ್" ನನಗೇ ಕೇಳಿಸಲಿಲ್ಲ.

ಗುರುವಾರ ಬೆಳಿಗ್ಗೆ ಅತ್ತೆ ಉಪ್ಪಿಟ್ಟು ಮಾಡಿ, ನಾನು ತಿಂದು ಮುಗಿಸುವವರೆಗೆ ಎದುರಿಗೇ ನಿಂತಿದ್ದರು. ನೀವು ತಿನ್ನಿ ಎಂದರೆ ನಂದು ಆಮೇಲೆ ಎಂದರು. ಲೋಕಲ್ ಟ್ರೇನಿನಲ್ಲಿ ಪ್ಲ್ಯಾನ್ ತೆಗೆಯಲು ಚೀಲಕ್ಕೆ ಕೈ ಹಾಕಿದೆ, ಸ್ಟೀಲ್ ಡಬ್ಬಿ ಸಿಕ್ಕಿತು. ಒಳಗೆ ನಾಲ್ಕು ಉಂಡೆ.

ಕ್ಲಾಸಿಗೆ ಹೋದರೆ ಪ್ರಿನ್ಸಿಪಾಲರು ಮತ್ತು ಸುಪರ್‌ವೈಸರ್ ಮೇಡಂ ಆಗಲೇ ಕೊನೆಯ ಬೆಂಚಿನಲ್ಲಿ ಕೂತಿದ್ದರು. ಮೇಡಂ ತೊಡೆಯ ಮೇಲೆ ಫೈಲು, ಕೈಯಲ್ಲಿ ಪೆನ್ನು. ನಾನು "ಗುಡ್ ಮಾರ್ನಿಂಗ್" ಎಂದೆ. ದನಿ ಬರಲಿಲ್ಲ! ಮೂರು ತಿಂಗಳು ಕೂಗಿದ ಗಂಟಲು ಅಂದೇ ನೋಡಿ ಕೈಕೊಟ್ಟಿತು. ಗಾಳಿಯಂಥದ್ದೇನೋ ಬಂತು, ಅಷ್ಟೇ. ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿದರು. ಆ ದನಿಯಲ್ಲಿ ಉಬ್ಬರವಿಳಿತ ಹೇಳುವುದು ಹೇಗೆ? ಹೊತ್ತು ತಳ್ಳಲು ನನಗೆ ಹೊಳೆದದ್ದು ಒಂದೇ ದಾರಿ. ಮೊಬೈಲ್ ಒಳಗಿಟ್ಟು, ಹಾಜರಿ ಕೂಗತೊಡಗಿದೆ.

ಪಿಸುಮಾತಿನಲ್ಲಿ ಹೆಸರು ಕರೆದರೆ ತಮ್ಮ ಹೆಸರು ಯಾವಾಗ ಬಂದೀತೆಂದು ಮಕ್ಕಳು ಕಿವಿ ಚೂಪು ಮಾಡಬೇಕಾಯಿತು. ಕ್ಲಾಸು ತಾನಾಗಿ ತಣ್ಣಗಾಯಿತು. ನಾನೂ ಕೇಳುತ್ತಾ ಹೋದೆ. ಒಂಬತ್ತನೇ ನಂಬರು ಗಂಟಲು ಹರಿಯುವಂತೆ "ಪ್ರೆಸೆಂಟ್" ಎಂದ. ಓಹೋ, ಹೋಂವರ್ಕ್ ಆಗಿಲ್ಲ! ಹದಿನಾರನೆಯವಳು ತಡ ಮಾಡಿ ಹೇಳಿದಳು. ಮೂರು ತಿಂಗಳು ಈ ಮಕ್ಕಳ ಜೊತೆ ಕಿರುಚಾಡಿದ್ದೆ, ಅವರ ದನಿಯನ್ನು ಅಂದೇ ಮೊದಲು ಕೇಳಿದ್ದು. ಇಪ್ಪತ್ತಮೂರನೆಯವಳ ಹೆಸರು ಕರೆದೆ.

"ಪ್ರೆ..."

ಅಷ್ಟೇ. ಸ್ಟೇಷನ್ನಿನ ಪ್ಲ್ಯಾಟ್‌ಫಾರ್ಮಿಗೂ ಕೇಳುವಂತೆ ಕೂಗುತ್ತಿದ್ದ ಹುಡುಗಿ ಬೆಂಚಿನ ಮೇಲಿನ ಗೀರು ನೋಡುತ್ತಾ ಕೂತಿದ್ದಳು. ಜಡೆ ಎರಡಿರಲಿಲ್ಲ, ಒಂದು ರಬ್ಬರ್ ಬ್ಯಾಂಡಿನಲ್ಲಿ ಕೂದಲು ಹೇಗೋ ಸಿಕ್ಕಿಸಿತ್ತು. ಹಿಂದಿನ ಬೆಂಚಿನಲ್ಲಿ ಮೇಡಂ ಗಡಿಯಾರ ನೋಡಿಕೊಂಡರು. ನನ್ನ ಪ್ಲ್ಯಾನಿನ ಪ್ರಕಾರ ಚಂದ್ರನು ಸಮುದ್ರವನ್ನು ಎಳೆಯಲು ಶುರು ಮಾಡಿ ಐದು ನಿಮಿಷ ಆಗಿರಬೇಕಿತ್ತು. ಮುಂದಿನ ಹೆಸರು ಕರೆದುಬಿಡು ಎಂದು ನನ್ನ ಭಯ ಹೇಳಿತು. ನೋಡುವವರ ಎದುರು ಮಗುವನ್ನು ಹೊರಗೆ ಕಳಿಸಿದರೆ ಕಥೆ ಮುಗಿಯಿತು ಎಂದೂ ಹೇಳಿತು. ಕಾಲು ಮಾತ್ರ ಅವಳ ಬೆಂಚಿನ ಕಡೆಗೇ ನಡೆಯಿತು. ಡಬ್ಬಿ ಕೊಟ್ಟು, ಸ್ಟಾಫ್ ರೂಮಿನಿಂದ ಚಾರ್ಟ್ ತಾ ಎಂದೆ. ಬಗ್ಗಿ, ಅವಳಿಗಷ್ಟೇ ಕೇಳುವಂತೆ, ಇದರಲ್ಲಿರುವ ಉಂಡೆ ಕೆಟ್ಟಿದೆಯೋ ಏನೋ, ಎರಡು ತಿಂದು ನೋಡಿ ಹೇಳು ಎಂದೆ. ಅವಳು ನನ್ನ ಮುಖ ನೋಡಿದಳು. ಡಬ್ಬಿ ಎದೆಗೊತ್ತಿಕೊಂಡು ಹೋದಳು. ಮೇಡಂ ಫೈಲಿನಲ್ಲಿ ಏನೋ ಬರೆದರು, ಉದ್ದವಾಗಿ.

ಎಂಟು ನಿಮಿಷ ಅವಳು ಬರಲಿಲ್ಲ. ಆ ಎಂಟು ನಿಮಿಷದಲ್ಲಿ ನಾನು ಏನು ಪಾಠ ಮಾಡಿದೆನೋ ದೇವರಿಗೇ ಗೊತ್ತು. ಬಂದವಳ ತುಟಿಯ ಮೇಲೆ ಶೇಂಗಾ ಪುಡಿಯಿತ್ತು. "ಕೆಟ್ಟಿಲ್ಲ ಟೀಚರ್," ಎಂದು ಹಿಂದಿಯಲ್ಲಿ ಹೇಳಿ, ಚಾರ್ಟನ್ನು ತಾನೇ ಎತ್ತಿ ಹಿಡಿದು ನಿಂತು ಹಿಂದಿನ ಬೆಂಚುಗಳ ಕಡೆ ಕಣ್ಣು ಬಿಟ್ಟಳು. ಯಾವನೂ ಕೆಮ್ಮಲಿಲ್ಲ! ಅರ್ಧ ಪಾಠವಾಗುವಷ್ಟರಲ್ಲಿ ಗಂಟೆ ಹೊಡೆಯಿತು. ಕೊನೆಯ ಪೀರಿಯಡ್ಡಿನಲ್ಲಿ ಬಂದು ಕಾಣಿ ಎಂದು ಪ್ರಿನ್ಸಿಪಾಲರು ಹೇಳಿ ಎದ್ದುಹೋದರು. ಆ ಹುಡುಗಿಯ ತಾಯಿ ಹಿಂದಿನ ದಿನ ಆಸ್ಪತ್ರೆ ಸೇರಿದ್ದರು, ಮನೆಯಲ್ಲಿ ಒಲೆಯೇ ಹೊತ್ತಿರಲಿಲ್ಲವೆಂಬುದು ನನಗೆ ತಿಳಿದದ್ದು ಮಧ್ಯಾಹ್ನ.

ಕೊನೆಯ ಪೀರಿಯಡ್ಡಿನವರೆಗೆ ನಾನು ಹೇಗಿದ್ದೆನೆಂದು ಕೇಳಬೇಡಿ. ಆಫೀಸಿನಲ್ಲಿ ಸುಪರ್‌ವೈಸರ್ ಮೇಡಂ, ಆ ಹುಡುಗಿಯನ್ನು ಹೊರಗೆ ಕಳಿಸಿದ್ದೇಕೆ ಎಂದು ಕೇಳಿದರು. ಕಂಡದ್ದನ್ನು ಹೇಳಿದೆ, ಡಬ್ಬಿಯ ವಿಷಯ, ಅತ್ತೆಯ ವಿಷಯ, ಎಲ್ಲ. ಮೇಡಂ ಫೈಲು ಬಿಚ್ಚಿದರು. ಪಾಠ ಮುಗಿಯಲಿಲ್ಲ, ಚಾರ್ಟ್ ಸೊಟ್ಟಗಿತ್ತು, ದನಿ ಸಾಲದು ಎಂದು ಒಂದೊಂದಾಗಿ ಓದಿದರು. ನನ್ನ ಕಣ್ಣು ತುಂಬಿತು. ಆಗ ಪ್ರಿನ್ಸಿಪಾಲರು, ಮುಂದಿನ ವರ್ಷವೂ ಈ ಕ್ಲಾಸು ನಿಮಗೇ ಇರಲಿ ಎಂದರು. ನೌಕರಿ ಉಳಿಯಿತು ಎಂಬುದು ಅರ್ಥವಾಗಲು ನನಗೆ ಘಾಟ್ಕೋಪರ್ ಸ್ಟೇಷನ್ನಿನವರೆಗೆ ನಡೆಯಬೇಕಾಯಿತು. ಅದು ಬಹುಮಾನವೋ ಶಿಕ್ಷೆಯೋ ಇವತ್ತಿಗೂ ತಿಳಿದಿಲ್ಲ.

ಮನೆಗೆ ಬಂದೆ. ಅತ್ತೆ ಏನೂ ಕೇಳಲಿಲ್ಲ. ನಾನೂ ಹೇಳಲಿಲ್ಲ, ಅವರ ಕಿವಿಯನ್ನು ಪರೀಕ್ಷೆ ಮಾಡಿಯೇಬಿಡೋಣ ಎಂಬ ಹಟ. ಊಟಕ್ಕೆ ಕೂತೆವು. ಗಂಡ "ಹಾಜರ್" ಎಂದರು. ಮುಖ ಗಂಟಿಕ್ಕಿಕೊಂಡು ಒಡೆದ ಗಂಟಲಲ್ಲೇ ನಾನೂ "ಹಾಜರ್" ಎಂದೆ. ಅತ್ತೆ ನನ್ನ ತಟ್ಟೆಗೆ ಒಂದು ದೊಡ್ಡ ಬೆಲ್ಲದ ತುಂಡು ಹಾಕಿ, ಮಗಳ ಹೆಸರು ಕೂಗಿದರು. ಸಿಕ್ಕಿಬಿದ್ದೆ! ಮಗಳೂ ಹೇಳಿಯಾಯಿತು, ಅತ್ತೆ ಸೌಟು ಎತ್ತಿದರು. ಎಷ್ಟು ವರ್ಷದ ಹಾಜರಿಯಿದು, ಈ ಪಟ್ಟಿಯಲ್ಲಿ ಒಂದು ಹೆಸರು ಯಾವತ್ತೂ ಬಂದೇ ಇಲ್ಲವಲ್ಲ ಎಂದು ಅಂದು ನನಗೆ ಹೊಳೆಯಿತು.

ನಾನು ಅತ್ತೆಯ ಹೆಸರು ಹಿಡಿದು ಕೂಗಿದೆ. ಮಾವ ತೀರಿಕೊಂಡ ಮೇಲೆ ಆ ಮನೆಯಲ್ಲಿ ಯಾರೂ ಉಚ್ಚರಿಸದ ಹೆಸರು. ಗಂಡನ ಕೈ ತಟ್ಟೆಯಲ್ಲೇ ನಿಂತಿತು. ಮಗಳು ಬಾಯಿಗೆ ಕೈ ಅಡ್ಡ ಹಿಡಿದಳು. ಅತ್ತೆ ಸೌಟು ಕೆಳಗಿಟ್ಟು, ಬೆನ್ನು ನೆಟ್ಟಗೆ ಮಾಡಿಕೊಂಡು, ಚಿಕ್ಕ ಹುಡುಗಿಯ ಹಾಗೆ ಎದುರಿನ ಗೋಡೆ ನೋಡಿದರು.

"ಹಾ..."

ದನಿ ಅರ್ಧಕ್ಕೆ ನಿಂತಿತು.

ನಾನು ಅಡುಗೆಮನೆಯತ್ತ ತಿರುಗಿದೆ. ಕಟ್ಟೆಯ ಮೇಲೆ ಅವರ ಪಾಲಿನ ಬೆಳಗಿನ ಉಪ್ಪಿಟ್ಟು ಮುಚ್ಚಿಟ್ಟಲ್ಲೇ ಇತ್ತು. ಪಕ್ಕದಲ್ಲಿ ತೊಳೆದು ಬೋರಲು ಹಾಕಿದ ಅವರ ತಟ್ಟೆ. ಬೆಳಗಿನಿಂದ ಈ ಹೆಂಗಸು ಒಂದು ತುತ್ತೂ ತಿಂದಿರಲಿಲ್ಲ, ನನ್ನ ಪಾಠ ಏನಾಯಿತೋ ಎಂಬ ಚಿಂತೆಯಲ್ಲಿ. ನನಗೋಸ್ಕರ. ನಿಮ್ಮ ಕಾಲ ಮುಗೀತು ಎಂದವಳಿಗೋಸ್ಕರ. ಎಲ್ಲರ ಮುಂದೆ ಕೇಳಲಿಲ್ಲ. ಚೀಲದಿಂದ ಸ್ಟೀಲ್ ಡಬ್ಬಿ ತೆಗೆದು ಅವರ ಕೈಯಲ್ಲಿಟ್ಟೆ.

"ಅತ್ತೆ, ಇದರಲ್ಲಿ ಎರಡು ಉಂಡೆ ಉಳಿದಿದೆ. ಕೆಟ್ಟಿದೆಯೋ ಏನೋ, ಸ್ವಲ್ಪ ತಿಂದು ನೋಡಿ ಹೇಳಿ."

ಅತ್ತೆ ನನ್ನನ್ನೇ ನೋಡಿದರು. ಕನ್ನಡಕ ತೆಗೆದು ಸೆರಗಿನಿಂದ ಒರೆಸಿಕೊಂಡರು. ಆಮೇಲೆ ಎರಡೂ ಉಂಡೆಯನ್ನು, ನಿಧಾನವಾಗಿ, ಪೂರ್ತಿ ತಿಂದರು.

"ಕೆಟ್ಟಿಲ್ಲ ನೋಡವಾ," ಎಂದರು. ಈ ಸಲ ದನಿ ಅರ್ಧಕ್ಕೆ ನಿಲ್ಲಲಿಲ್ಲ.