ಮೊದಲನೆಯ ‘ಬ್ಯಾಡ’

ನಮ್ಮ ಕಡೆಯವರಿಗೆ ಚಹಾ ಕುಡಿಸುವುದು ಹೊರಗಿನವರು ತಿಳಿದುಕೊಂಡಷ್ಟು ಸುಲಭವಲ್ಲ. ಗೋಕಾಕದಲ್ಲಿ ಯಾರ ಮನೆಗಾದರೂ ಹೋಗಿ ನೋಡಿ. ನೀವು ಬಿಸಿಲಲ್ಲಿ ನಡೆದು ಬಂದಿರಬಹುದು, ಗಂಟಲು ಒಣಗಿರಬಹುದು, ಒಳಗಿನಿಂದ ಶುಂಠಿ ಜಜ್ಜುವ ಸದ್ದೂ ಕೇಳುತ್ತಿರಬಹುದು. ಆದರೂ “ಚಾ ತಗೋತೀರಿ?” ಎಂದು ಕೇಳಿದ ಕೂಡಲೇ ನಿಮ್ಮ ಬಾಯಿಂದ “ಬ್ಯಾಡ್ರಿ, ಈಗ ಆತ್ರಿ” ಎಂದೇ ಬರಬೇಕು. ಹಾಗೆ ಬರದಿದ್ದರೆ ನಿಮ್ಮನ್ನು ಬೆಳೆಸಿದವರ ಬಗ್ಗೆ ಮನೆಯವರಿಗೆ ಅನುಮಾನ ಬರುತ್ತದೆ. ಆಮೇಲೆ ಅವರು “ಅರ್ಧಾ ಕಪ್ ಆದ್ರೂ” ಎನ್ನಬೇಕು, ನೀವು ಇನ್ನೊಮ್ಮೆ ಬ್ಯಾಡ ಎನ್ನಬೇಕು, ಅವರು “ನಮ್ಮ ಮನಿ ಚಾ ಸೇರೂದಿಲ್ಲೇನು?” ಎಂದು ಮುಖ ಸಣ್ಣದು ಮಾಡಬೇಕು. ಆಗ ನೀವು ಸೋತವರಂತೆ ನಿಟ್ಟುಸಿರು ಬಿಟ್ಟು, ಬೇಕಾಗಿದ್ದ ಚಹಾವನ್ನು ಪೂರ್ತಿ ಒಂದು ಕಪ್ಪು ಕುಡಿಯಬೇಕು. ಈ ಪ್ರೀತಿಯ ಒತ್ತಾಯಕ್ಕೆ ನಾವು ಜುಲುಮಿ ಎನ್ನುತ್ತೇವೆ. ಜುಲುಮಿ ಮಾಡದ ಮನೆಯಲ್ಲಿ ಊಟ ಎಷ್ಟು ರುಚಿಯಾಗಿದ್ದರೂ ನಮಗೆ ಹೊಟ್ಟೆ ತುಂಬುವುದಿಲ್ಲ.

ಈ ಪದ್ಧತಿ ಜಗತ್ತಿನ ಎಲ್ಲ ಕಡೆ ಇಲ್ಲ ಎಂಬುದು ನನಗೆ ತಿಳಿದದ್ದು ತಲೆನೋವಿನ ಮೂಲಕ. ಧಾರವಾಡದಲ್ಲಿ ಒಂದು ವಿಚಾರ ಸಂಕಿರಣಕ್ಕೆ ಹೋದಾಗ ಅತಿಥಿಗೃಹದ ಪಕ್ಕದ ಕೋಣೆಯಲ್ಲಿ ಜರ್ಮನಿಯ ಪ್ರಾಧ್ಯಾಪಕರೊಬ್ಬರು ಇಳಿದಿದ್ದರು. ಬೆಳಿಗ್ಗೆ ಬಾಗಿಲು ತೆರೆದು, ನಗುತ್ತಾ, ಚಹಾ ಬೇಕೇ ಎಂದು ಕೇಳಿದರು. ನಾನು ಎದ್ದಾಗಿನಿಂದ ಅದಕ್ಕಾಗಿಯೇ ಕಾರಿಡಾರಿನಲ್ಲಿ ಸುಳಿದಾಡುತ್ತಿದ್ದೆ. ಆದರೂ ಮರ್ಯಾದಸ್ಥನಲ್ಲವೇ, ಬೇಡ, ಈಗಷ್ಟೇ ಆಯಿತು ಎಂದೆ. ಪುಣ್ಯಾತ್ಮ “ಸರಿ” ಎಂದು ಬಾಗಿಲು ಮುಚ್ಚಿಕೊಂಡುಬಿಟ್ಟರು! ನಾನು ಆ ಮುಚ್ಚಿದ ಬಾಗಿಲನ್ನು ಸ್ವಲ್ಪ ಹೊತ್ತು ನೋಡುತ್ತಾ ನಿಂತಿದ್ದೆ. ಅವತ್ತಿಡೀ ತಲೆ ಸಿಡಿಯಿತು. ಅವರು ಕೆಟ್ಟವರಲ್ಲ. ಅವರ ಊರಿನಲ್ಲಿ ಬೇಡ ಎಂದರೆ ಬೇಡ ಎಂದೇ ಅರ್ಥವಂತೆ.

ನಾನು ಗೋಕಾಕದ ಕಾಲೇಜೊಂದರಲ್ಲಿ ಸಮಾಜಶಾಸ್ತ್ರ ಹೇಳುವವನು. ಇತ್ತೀಚೆಗೆ ನಮ್ಮ ಪ್ರಾಂಶುಪಾಲರು ಕರೆದು, “ಸರ, ಖಿನ್ನತೆ ಮ್ಯಾಲೆ ಒಂದು ಭಾಷಣ ಮಾಡ್ರಿ. ಒಂದು ದೇಶದಾಗ ಹೆಚ್ಚು, ಒಂದು ದೇಶದಾಗ ಕಡಿಮಿ ಯಾಕ ಅಂತ ಹುಡುಗರಿಗೆ ತಿಳೀಲಿ” ಎಂದರು. ನಾನು ಮೊದಲು ಬ್ಯಾಡ್ರಿ ಎಂದೆ. ಅವರು ನಮ್ಮ ಕಡೆಯವರೇ ಆದ್ದರಿಂದ ಜುಲುಮಿ ಮಾಡಿದರು. ಒಪ್ಪಿಕೊಂಡು ಮನೆಗೆ ಬಂದು ಕಂಪ್ಯೂಟರ್ ಮುಂದೆ ಕುಳಿತೆ. ದೇಶದೇಶಗಳ ಪಟ್ಟಿಗಳು ಸಿಕ್ಕವು. ಕೆಲವು ಪಟ್ಟಿಗಳಲ್ಲಿ ಉಂಡುಟ್ಟು ಸುಖವಾಗಿರುವ ಶ್ರೀಮಂತ ದೇಶಗಳೇ ಮೇಲಿದ್ದವು, ನಾವು ಕೆಳಗಿದ್ದೆವು. ಪಟ್ಟಿಯ ಕೆಳಗಿರುವುದಕ್ಕೆ ನಾನು ಹೆಮ್ಮೆಪಟ್ಟದ್ದು ಅದೇ ಮೊದಲು. ಕಾರಣಗಳು ನೀರಿನಂತೆ ಹರಿದುಬಂದವು: ನಮ್ಮಲ್ಲಿ ಮನೆತುಂಬ ಮಂದಿ, ಮನೆ ಮುಂದೆ ಕಟ್ಟೆ, ಕಟ್ಟೆಯ ಮೇಲೆ ಹರಟೆ, ದಾರಿಯಲ್ಲಿ ಸಿಕ್ಕವರೆಲ್ಲ “ಹೆಂಗದೀರಿ?” ಎಂದು ಕೇಳುವವರೇ. ಇಂಥ ಊರಿನೊಳಗೆ ಖಿನ್ನತೆಗೆ ಕಾಲಿಡಲು ಜಾಗವೆಲ್ಲಿ?

ಬರೆದದ್ದನ್ನು ಹೆಂಡತಿ ಗಿರಿಜಾಳಿಗೆ ಓದಿ ಹೇಳಿದೆ. ಆಕೆ ಅವರೆಕಾಯಿ ಸುಲಿಯುತ್ತಾ ಕೇಳಿಸಿಕೊಂಡು, “ಖಿನ್ನತಾ ಅಂದ್ರ ಏನ್ರಿ? ಹೊಲದಾಗಿನ ಗೊಂಜಾಳಕ್ಕ ಬೀಳೂ ರೋಗೇನು?” ಎಂದಳು. ಕೆಣಕಲು ಕೇಳಿದಳೋ, ಗೊತ್ತಿಲ್ಲದೆ ಕೇಳಿದಳೋ, ಮದುವೆಯಾದಾಗಿನಿಂದ ಇಂಥದ್ದನ್ನು ಪತ್ತೆಹಚ್ಚಲು ನನ್ನಿಂದಾಗಿಲ್ಲ. ಮನಸ್ಸಿಗೆ ಆಗುವ ಕಾಯಿಲೆ ಎಂದು ವಿವರಿಸಿದೆ. “ಹಂಗನ್ರಿ ಮತ್ತ. ಬ್ಯಾಸರ” ಎಂದಳು. ನಾನು ನಕ್ಕೆ. ಬಸ್ಸು ತಡವಾದರೂ ಬ್ಯಾಸರ, ಪಲ್ಯಕ್ಕೆ ಉಪ್ಪು ಕಡಿಮೆಯಾದರೂ ಬ್ಯಾಸರ, ಹತ್ತಿರದವರು ಸತ್ತರೂ ಬ್ಯಾಸರ ಎನ್ನುವ ಜನ ನಾವು. ಅಷ್ಟು ಸಡಿಲವಾದ ಮಾತನ್ನು ಶಾಸ್ತ್ರದೊಳಗೆ ಹೇಗೆ ಸೇರಿಸುವುದು?

ಭಾಷಣಕ್ಕೆ ಒಂದು ಜೀವಂತ ಉದಾಹರಣೆ ಬೇಕಾಗಿತ್ತು. ನನಗೆ ತಟ್ಟನೆ ನೆನಪಾದವರು ಮೂಡಲಗಿಯಲ್ಲಿರುವ ನನ್ನ ಅಕ್ಕನ ಗಂಡ, ನಮ್ಮ ಮಾವ. ಬಸ್ ಕಂಡಕ್ಟರಾಗಿ ನಿವೃತ್ತರಾದವರು. ಅವರ ಬಸ್ಸಿನಲ್ಲಿ ಓಡಾಡಿದವರಿಗೆ ಅವರ ಪರಿಚಯ ಹೇಳಬೇಕಾಗಿಲ್ಲ. ಹುಕ್ಕೇರಿ ಗಾಡಿಯಲ್ಲಿ ಕಾಲಿಡಲು ಜಾಗವಿಲ್ಲದಿದ್ದಾಗಲೂ “ಮುಂದ ಸರೀರಿ, ಮುಂದ ಸರದವ್ರಿಗೆ ಊರು ಲಗೂ ಬರತೈತಿ” ಎಂದು ಕೂಗಿ ಮಂದಿಯನ್ನು ನಗಿಸುತ್ತಿದ್ದರು. ಮೇಲವಂಕಿಯ ಅಜ್ಜಿಯೊಬ್ಬಳು ಬುಟ್ಟಿಯಲ್ಲಿ ಕೋಳಿ ತಂದಾಗ, “ಯವ್ವಾ, ಕೋಳಿಗೆ ಕಿಟಕಿ ಬಾಜೂಕ ಬೇಕಂತೇನು?” ಎಂದು ಕೇಳಿದವರು. ಇಂಥವರಿಗೆ ಎಲ್ಲಿಯ ಖಿನ್ನತೆ! ರವಿವಾರ ಗಿರಿಜಾಳನ್ನೂ ಕರೆದುಕೊಂಡು, ಕರದಂಟಿನ ಡಬ್ಬಿ ಹಿಡಿದು ಮೂಡಲಗಿಗೆ ಹೋದೆ. ಗೋಕಾಕದವರಾದ ನಾವು ಹೆರಿಗೆಯಾದ ಮನೆಗೂ ಮೊಣಕಾಲು ನೋವಿನ ಮನೆಗೂ ಕರದಂಟನ್ನೇ ಒಯ್ಯುತ್ತೇವೆ.

ಮಾವ ಹೊರಸಿನ ಮೇಲೆ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದರು. ನಮ್ಮನ್ನು ನೋಡಿ ಎದ್ದು ಕುಳಿತರು. ಅಕ್ಕ ಅವರ ಹೊಟ್ಟೆಯ ಕತೆ ಶುರುಮಾಡಿದಳು. “ನಿವೃತ್ತಿ ಆದಾಗಿಂದ ಹೊಟ್ಟಿ ಕಟ್ಟಿದಂಗ ಆಗತೈತಿ ಅಂತಾರ ತಮ್ಮಾ. ಗ್ಯಾಸಿನ ಗುಳಿಗಿ ಆತು, ಕಾಡಾ ಆತು, ಸ್ಕ್ಯಾನಿಂಗೂ ಆತು. ಎಲ್ಲಾ ಬರೋಬ್ಬರಿ ಐತಿ ಅಂತಾರ ಡಾಕ್ಟರ್‌.” ನಾನು ಹೊಟ್ಟೆಯ ವಿಷಯ ಬದಿಗಿಟ್ಟೆ. ನನ್ನ ವಿಷಯ ಮನಸ್ಸಿನದು. ಗಂಟಲು ಸರಿಮಾಡಿಕೊಂಡು, “ಮಾವಾ, ಇತ್ತೀಚೆಗೆ ನಿಮಗೆ ದೈನಂದಿನ ಚಟುವಟಿಕೆಗಳಲ್ಲಿ ನಿರಾಸಕ್ತಿ ಉಂಟಾಗುತ್ತಿದೆಯೇ?” ಎಂದು ಪುಸ್ತಕದ ಕನ್ನಡದಲ್ಲಿ ಕೇಳಿದೆ. ಅವರು ಕೋರ್ಟಿನಲ್ಲಿ ನಿಂತವರಂತೆ ನನ್ನನ್ನು ನೋಡಿ, “ಆರಾಮ ಅದೇನಪಾ ಮಾಸ್ತರ” ಎಂದರು. ಅಷ್ಟು ಸಾಕಾಗಿತ್ತು ನನಗೆ. ಉದಾಹರಣೆ ಸಿಕ್ಕಿತು ಎಂದು ಸಮಾಧಾನವಾಯಿತು. ಅಕ್ಕ ತಂದ ಚಹಾವನ್ನು ಶಾಸ್ತ್ರೋಕ್ತವಾಗಿ ನಿರಾಕರಿಸಿ, ಕುಡಿದು, ಎದ್ದೆವು.

ಬರುವಾಗ ಬಸ್ಸಿನಲ್ಲಿ ಗಿರಿಜಾ ಕಿಟಕಿಯ ಹೊರಗೆ ಕಬ್ಬಿನ ಹೊಲಗಳನ್ನು ನೋಡುತ್ತಾ ಕುಳಿತಿದ್ದಳು. ಆಮೇಲೆ, “ಅಣ್ಣಾರು ಚಾ ಕುಡೀಲಿಲ್ಲ, ನೋಡಿದ್ರೇನು?” ಎಂದಳು. ನಮ್ಮ ಮಾವನನ್ನು ಆಕೆ ಅಣ್ಣಾರು ಎನ್ನುತ್ತಾಳೆ, ಅಕ್ಕನನ್ನು ವೈನಿ.

“ಬ್ಯಾಡ ಅಂದ್ರಲ್ಲ” ಎಂದೆ.

“ಬ್ಯಾಡ ಎಲ್ಲಾರೂ ಅಂತಾರ್ರಿ. ವೈನಿ ಅಷ್ಟು ಜುಲುಮಿ ಮಾಡಿದ್ರು, ಆಗೂ ಬ್ಯಾಡ ಅಂದ್ರು. ಕಪ್ಪು ಆರಿ ಕೆನಿ ಕಟ್ತು. ಮೊದಲನೇ ಬ್ಯಾಡ ಮರ್ಯಾದಿದು. ಕಡೀ ಬ್ಯಾಡ ಖರೇದು.”

ನಾನು ಪಟ್ಟಿಗಳನ್ನು ಓದಿದವನು. ಕಪ್ಪನ್ನು ನೋಡಿರಲಿಲ್ಲ. “ವಯಸ್ಸಾತಲ್ಲ, ಹೊಟ್ಟಿ ತಡಕೊಳ್ಳೂದಿಲ್ಲ” ಎಂದು ಏನೋ ಹೇಳಿದೆ. ಆದರೆ ಮನಸ್ಸಿನೊಳಗೆ ಆ ಕೆನೆ ಕಟ್ಟಿದ ಕಪ್ಪು ಕುಳಿತುಬಿಟ್ಟಿತು. ಬಸ್ಸು ನಿಂತಲ್ಲೆಲ್ಲ ಇಳಿದು ದಿನಕ್ಕೆ ನಾಲ್ಕು ಊರಿನ ಚಹಾ ಕುಡಿಯುತ್ತಿದ್ದ ಮನುಷ್ಯ ಅವರು.

ಮುಂದಿನ ರವಿವಾರ ಗಿರಿಜಾಳೇ ನನ್ನನ್ನು ಎಬ್ಬಿಸಿ ಮೂಡಲಗಿಗೆ ಹೊರಡಿಸಿದಳು. ಹೋದವಳು ಮಾವನ ಹೊರಸಿನ ಹತ್ತಿರ ಚಾಪೆ ಹಾಸಿ, ಅಕ್ಕನ ಮೆಂತೆಪಲ್ಯದ ಸಿವುಡುಗಳನ್ನು ಮುಂದಿಟ್ಟುಕೊಂಡು, ಸೊಪ್ಪಿನ ಎಲೆ ಬಿಡಿಸಿ ಸೋಸುತ್ತಾ ಕುಳಿತಳು. ನನಗೆ ಬಾಯಿ ಮುಚ್ಚಿಕೊಂಡಿರಲು ಕಣ್ಸನ್ನೆಯಲ್ಲೇ ಹೇಳಿದಳು.

“ಅಣ್ಣಾರ, ಹೆಂಗದೀರಿ?”

“ಆರಾಮ ಅದೇನಿ ತಂಗೆವ್ವಾ.”

“ಖರೇನ?”

“ಖರೇನವ್ವಾ. ಹೊಟ್ಟೀದೊಂದು ತ್ರಾಸ.”

“ಹೊಟ್ಟೀದು ಹೋಗ್ಲಿರಿ. ನೀವು ಹೆಂಗದೀರಿ?”

ಮಾವ ಗೋಡೆಯ ಕಡೆ ತಿರುಗಿದರು. ಗಿರಿಜಾ ಎಲೆ ಬಿಡಿಸುತ್ತಲೇ ಇದ್ದಳು. ಒಂದು ಸಿವುಡು ಮುಗಿಯಿತು. ಎರಡನೆಯದನ್ನು ಬಿಚ್ಚುವಾಗ ಮಾವ ಗೋಡೆಯನ್ನು ನೋಡುತ್ತಾ ಹೇಳಿದರು: “ಮುಂಜಾನಿ ಆಗೂದ ಬ್ಯಾಡಾಗೈತವ್ವಾ. ಎದ್ದು ಎಲ್ಲಿ ಹೋಗಲಿ? ಗಾಡಿಯೊಳಗ ಇದ್ದಾಗ ನನಗ ಗೊತ್ತಿಲ್ಲದ ಮಂದಿ ಇರಲಿಲ್ಲ. ಈಗ ಗಾಡಿ ಹತ್ತಿದ್ರ ಹೊಸ ಕಂಡಕ್ಟರ್ ‘ಯಜಮಾನ್ರ, ಮುಂದ ಸರೀರಿ’ ಅಂತಾನ. ಜೀವಕ್ಕ ಬ್ಯಾಸರಾಗೈತಿ. ಬದುಕೂದು ಸಾಕು ಅನಸತೈತಿ.” ಹೇಳಿ ಮುಗಿಸಿ, ಹೆಗಲ ಮೇಲಿನ ಟವೆಲಿನಿಂದ ಮುಖ ಮುಚ್ಚಿಕೊಂಡು ಅತ್ತರು. ಅವರು ಅತ್ತದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ.

ಒಲೆಯ ಮುಂದಿನಿಂದ ಓಡಿಬಂದ ಅಕ್ಕ, “ನನ್ನ ಮುಂದ ಯಾಕ ಹೇಳಲಿಲ್ರಿ?” ಎಂದು ಅಳತೊಡಗಿದಳು.

“ನೀ ದಿನಾ ಹೊಟ್ಟಿ ಹೆಂಗೈತಿ ಅಂತ ಕೇಳ್ತಿದ್ದಿ. ನಾ ಹೊಟ್ಟೀದು ಹೇಳ್ತಿದ್ದೆ” ಎಂದರು ಮಾವ.

ಮನಸ್ಸಿನ ಡಾಕ್ಟರರ ಹತ್ತಿರ ಹೋಗೋಣ ಎಂದಾಗ ಅವರು ಖಡಾಖಂಡಿತ ಒಲ್ಲೆ ಎಂದರು. “ಕಂಡಕ್ಟರ್‌ಗ ಹುಚ್ಚು ಹಿಡದೈತಿ ಅಂತಾರ ಮಂದಿ.” ನಾನು ಖಿನ್ನತೆ, ಮೆದುಳು, ರಾಸಾಯನಿಕ ಎಂದು ಒಂದು ಪಾಠವನ್ನೇ ಒಪ್ಪಿಸಿದೆ. ಅವರು ಮತ್ತಷ್ಟು ಗೋಡೆಯ ಕಡೆ ಸರಿದರು. ಗಿರಿಜಾ, “ಹುಚ್ಚಿನ ಡಾಕ್ಟರ್ ಅಲ್ರಿ ಅಣ್ಣಾರ, ಬ್ಯಾಸರದ ಡಾಕ್ಟರ್. ನನ್ನ ಸಲುವಾಗಿ ಬರ್ರಿ” ಎಂದು ಜುಲುಮಿ ಮಾಡಿದಳು. ಬ್ಯಾಸರಕ್ಕೂ ಡಾಕ್ಟರು ಇದ್ದಾರೆಯೇ ಎಂಬ ಕುತೂಹಲಕ್ಕೋ ಏನೋ ಒಪ್ಪಿದರು. ತಡಮಾಡದೆ ಮರುದಿನವೇ ಬೆಳಗಾವಿಗೆ ಹೊರಟೆವು. ಬಸ್ಸಿನ ಮೆಟ್ಟಿಲ ಹತ್ತಿರ ಅವರ ಕಾಲು ಹಿಂಜರಿಯಿತು. ಅಕ್ಕ ಕೈ ಹಿಡಿದು ಹತ್ತಿಸಿದಳು. ಡಾಕ್ಟರು ಬಹಳ ಹೊತ್ತು ಮಾತಾಡಿ, ಗುಳಿಗೆ ಬರೆದು, ಒಬ್ಬರನ್ನೇ ಬಿಡಬೇಡಿ, ಮತ್ತೆ ಕರೆದುಕೊಂಡು ಬನ್ನಿ ಎಂದರು. ಒಂದೇ ಸಲಕ್ಕೆ ಪವಾಡವೇನೂ ಆಗಲಿಲ್ಲ. ಎಷ್ಟೋ ಸಲ ಹೋಗಿಬಂದೆವು. ಆಮೇಲೊಮ್ಮೆ, ತುಂಬಿದ ಬಸ್ಸಿನಲ್ಲಿ ನಾನು ಬಾಗಿಲಲ್ಲೇ ತೂಗಾಡುತ್ತಿದ್ದಾಗ, ಹಿಂದಿನಿಂದ ಮೆತ್ತಗಿನ ದನಿ ಕೇಳಿಸಿತು. “ಮುಂದ ಸರಿಯೋ ಮಾಸ್ತರ. ಊರು ಲಗೂ ಬರತೈತಿ.” ನಾನು ತಿರುಗಿ ನೋಡಲಿಲ್ಲ. ನೋಡಿದ್ದರೆ ಬಸ್ಸಿನ ಮಂದಿಯ ಮುಂದೆ ನನ್ನ ಕಣ್ಣು ಮಾನ ಕಳೆಯುತ್ತಿತ್ತು.

ಈ ನಡುವೆ ಭಾಷಣದ ದಿನ ಬಂದಿತ್ತು. ಬರೆದಿಟ್ಟದ್ದನ್ನು ಮನೆಯಲ್ಲೇ ಬಿಟ್ಟು ಹೋದೆ. ದೇಶದಿಂದ ದೇಶಕ್ಕೆ ದುಃಖ ನಿಜವಾಗಿಯೂ ಹೆಚ್ಚುಕಡಿಮೆ ಇರಬಹುದು, ಆದರೆ ಪಟ್ಟಿ ಮಾಡುವವರು ಕೇಳುವುದು ಒಂದೇ ಸಲ. ಕೆಲವು ಊರುಗಳಲ್ಲಿ ಮೊದಲ ಸಲಕ್ಕೇ ಉತ್ತರ ಬರುತ್ತದೆ, ನಮ್ಮ ಊರಿನಲ್ಲಿ ಮೊದಲ ಸಲಕ್ಕೆ ಬರುವುದು ಮರ್ಯಾದೆ ಮಾತ್ರ ಎಂದೆ. ನಮ್ಮಲ್ಲಿ ಮನಸ್ಸು ನೊಂದರೆ ಹೊಟ್ಟೆ ಎನ್ನುತ್ತೇವೆ, ತಲೆ ಎನ್ನುತ್ತೇವೆ, ಮಂದಿ ಏನಂದಾರು ಎಂದು ಹೆದರುತ್ತೇವೆ ಎಂದೆ. ಪಕ್ಕದಲ್ಲಿ ಕುಳಿತು ಪಲ್ಯ ಸೋಸುತ್ತಾ ಕಾಯುವವರು ಸಿಕ್ಕರೆ ಹೇಳುತ್ತೇವೆ ಎಂದೂ ಸೇರಿಸಿದೆ. ಪ್ರಾಂಶುಪಾಲರು ಎದ್ದು, “ಎಲ್ಲಾ ಖರೆ ಸರ. ಕಡೀಕ ನಮ್ಮಲ್ಲಿ ಹೆಚ್ಚೋ ಕಡಿಮಿಯೋ?” ಎಂದರು. “ಇನ್ನೊಮ್ಮೆ ಕೇಳ್ರಿ” ಎಂದೆ. ಹುಡುಗರು ಚಪ್ಪಾಳೆ ತಟ್ಟಿದರು.

ಆ ಚಪ್ಪಾಳೆಯನ್ನು ಕಿವಿಯಲ್ಲಿಟ್ಟುಕೊಂಡೇ ಮನೆಗೆ ಬಂದೆ. ಗಿರಿಜಾ ಉಳ್ಳಾಗಡ್ಡಿ ಹೆಚ್ಚುತ್ತಿದ್ದಳು. ಬಾಗಿಲಲ್ಲಿ ನಿಂತು ನೋಡುವಾಗ, ಊರವರನ್ನೆಲ್ಲ ಹೆಂಗದೀರಿ ಎಂದು ಕೇಳುವ ನಾನು ಈಕೆಯನ್ನು ಕೇಳಿದ್ದು ನೆನಪಾಗಲಿಲ್ಲ. ಕೇಳಿದೆ. “ನೀ ಹೆಂಗದಿ?”

“ಆರಾಮ” ಎಂದಳು, ತಲೆ ಎತ್ತದೆ.

ನನ್ನ ಕೈ ಅಭ್ಯಾಸಬಲದಿಂದ ಪೇಪರಿನ ಕಡೆ ಹೋಯಿತು. ಹಿಂದಕ್ಕೆ ಎಳೆದುಕೊಂಡು, “ಖರೇನ?” ಎಂದೆ.

“ಯಾಕ್ರಿ, ಇವತ್ತ ಏನಾಗೈತಿ ನಿಮಗ?”

“ನನಗೇನಾಗಿಲ್ಲ. ನೀ ಹೆಂಗದಿ ಹೇಳು.”

ಈಳಿಗೆಯ ಮೇಲಿನ ಕೈ ನಿಂತಿತು. ನನ್ನ ಮುಖವನ್ನು ಬಹಳ ಹೊತ್ತು ನೋಡಿದಳು. ಕಣ್ಣು ತುಂಬಿದ್ದವು; ಉಳ್ಳಾಗಡ್ಡಿಯಿಂದಲೇ ಇರಬೇಕು ಎಂದುಕೊಳ್ಳುವಷ್ಟು ಜಾಣ ನಾನಾಗ ಉಳಿದಿರಲಿಲ್ಲ. “ಹಂಗಾದ್ರ ಕುಂದರ್ರಿ” ಎಂದಳು. “ಹೇಳಾಕ ಭಾಳ ಹೊತ್ತು ಬೇಕು. ಮೊದಲ ಚಾ ಮಾಡ್ಲೇನು ನಿಮಗ?”

ಭಾಷಣ ಮಾಡಿ ಗಂಟಲು ಒಣಗಿತ್ತು. ತಲೆ ಸಣ್ಣಗೆ ಸಿಡಿಯಲು ಶುರುವಾಗಿತ್ತು. ನಾಲಿಗೆ ಮಾತ್ರ ತನ್ನ ಮರ್ಯಾದೆ ಬಿಡಲಿಲ್ಲ. “ಬ್ಯಾಡ, ಈಗ ಆತು” ಎಂದುಬಿಟ್ಟೆ.

ಗಿರಿಜಾ ಜುಲುಮಿ ಮಾಡಲಿಲ್ಲ. ಈಳಿಗೆ ಬದಿಗೆ ಸರಿಸಿ, ಸೆರಗಿಗೆ ಕೈ ಒರೆಸಿಕೊಂಡು ನನ್ನೆದುರು ಕುಳಿತು ಹೇಳತೊಡಗಿದಳು.