ಹೊನ್ನೆ ಬಿಟ್ಟು ಬೀರು ತಿಂದ ಗೆದ್ದಲು ಮಹಾಶಯರಿಗೆ

ತೊರಪಲ್ಲಿ ಅಗ್ರಹಾರ,
ಹೊಸೂರು ತಾಲ್ಲೂಕು

ಮಾನ್ಯರೇ,

ನಮ್ಮ ಬಾಡಿಗೆ ಮನೆಯ ಬಾಗಿಲ ಮೂಲೆಯಲ್ಲಿ ಹುತ್ತ ಕಟ್ಟಿಕೊಂಡು ಸುಖವಾಗಿರುವ ತಮಗೂ, ತಮ್ಮ ಮಹಾರಾಣಿಯವರಿಗೂ, ಎಣಿಕೆಗೆ ಸಿಕ್ಕದ ತಮ್ಮ ಮಕ್ಕಳುಮರಿಗಳಿಗೂ ಯತಿರಾಜನ ಸಾಷ್ಟಾಂಗ ನಮಸ್ಕಾರಗಳು. ಕಾಗದದ ಮೇಲೆ ಬರೆದಿಟ್ಟಿದ್ದ ಮೊದಲ ಅರ್ಜಿಯನ್ನು ತಾವು ಓದುವ ಮುಂಚೆಯೇ ತಿಂದುಬಿಟ್ಟಿದ್ದರಿಂದ, ಈ ಸಲ ಹೊನ್ನೆ ಮರದ ಹಲಗೆಯ ಮೇಲೆ ಪೇಂಟಿನಲ್ಲಿ ಬರೆದು ಹುತ್ತಕ್ಕೆ ಒರಗಿಸಿದ್ದೇನೆ. ಹಲಗೆ ಉದ್ದವಿರುವುದರಿಂದ ಪತ್ರವೂ ಉದ್ದವಾಗಿದೆ, ಮನ್ನಿಸಬೇಕು.

ಮೊದಲಿಗೆ ತಮ್ಮ ನಾಲಿಗೆಗೆ ಅಭಿನಂದನೆ. ಮನೆಯೊಡತಿ ಕದಿರಮ್ಮನವರ ಮಾವ ಅಂಚೆಟ್ಟಿ ಕಾಡಿನ ಕಡೆಯಿಂದ ಮರ ತರಿಸಿ ಮಾಡಿಸಿದ ಬಾಗಿಲ ಚೌಕಟ್ಟು ಅಪ್ಪಟ ಹೊನ್ನೆಯ ಚೇಗಿನದು, ಮರದ ಗಟ್ಟಿ ತಿರುಳಿನದು. ತಾವು ಅದರ ಮೇಲೆ ಮಣ್ಣಿನ ದಾರಿಯನ್ನಷ್ಟೇ ಹಾಕಿಕೊಂಡು, ಒಂದು ಚೂರೂ ಬಾಯಿಗಿಡದೆ, ನೆಟ್ಟಗೆ ಒಳಕೋಣೆಗೆ ಹೋಗಿ ನನ್ನ ಹೊಸ ಪ್ಲೈವುಡ್ ಬೀರುವನ್ನು ಮಾರ್ಕ್ಸ್ ಕಾರ್ಡುಗಳ ಸಮೇತ ಮುಗಿಸಿದಿರಿ. ಗಣಿತದ ಅಂಕಗಳನ್ನು ತಿಂದದ್ದಕ್ಕೆ ಪ್ರತ್ಯೇಕ ಧನ್ಯವಾದ. ಬೀರುವಿನಲ್ಲಿ ಈಗ ಉಳಿದಿರುವುದು ‘ಗೆದ್ದಲು ಹತ್ತುವುದಿಲ್ಲ’ ಎಂಬ ಸ್ಟಿಕ್ಕರ್ ಮಾತ್ರ.

ಹೊನ್ನೆಯನ್ನು ತಾವೇಕೆ ಮುಟ್ಟಲಿಲ್ಲವೆಂದು ನಾನು ಬಲ್ಲೆ. ಸಕ್ಕರೆ ಕಾಯಿಲೆಗೆಂದು ನಮ್ಮ ಮಾವನವರು ಹೊನ್ನೆ ಮರದ ಲೋಟದಲ್ಲಿ ರಾತ್ರಿಯಿಡೀ ತುಂಬಿಸಿಡುವ ನೀರನ್ನು ಗೊತ್ತಿಲ್ಲದೆ ಕುಡಿದು, ದಿನವಿಡೀ ಮುಖ ಕಿವುಚಿಕೊಂಡು ಓಡಾಡಿದವನು ನಾನು. ಆ ಕಹಿ ಒಗರೇ ಮರದ ಕಾವಲು.

ಕದಿರಮ್ಮನವರು ಮಾತ್ರ ಇದನ್ನು ಒಪ್ಪುವುದಿಲ್ಲ. ಅವರ ಪ್ರಕಾರ ಹುತ್ತದಮ್ಮ ತನ್ನ ಬಾಗಿಲನ್ನು ತಾನೇ ಕಾಪಾಡಿಕೊಂಡಳು, ನನ್ನ ಬೀರು ನೈವೇದ್ಯವಾಯಿತು. ಅಂದಿನಿಂದ ಶುಕ್ರವಾರ ಬಂದರೆ ಹಾಲು, ಮೊಟ್ಟೆ ಹಿಡಿದ ಹೆಂಗಸರು ಜಮಾಯಿಸುತ್ತಾರೆ. ಶಿಫ್ಟ್ ಮುಗಿಸಿ ಬಂದ ನಾನು ನನ್ನದೇ ಮನೆಗೆ ಸಾಲಿನಲ್ಲಿ ನಿಂತು ಒಳಗೆ ಹೋಗುತ್ತೇನೆ. ಪಕ್ಕದ ಸಾನಮಾವು ಕಾಡಿನ ಆನೆ ಬಂದಿದ್ದರೆ ಫಾರೆಸ್ಟಿನವರಿಗೆ ಫೋನ್ ಮಾಡಬಹುದಿತ್ತು. ತಮ್ಮ ಬಗ್ಗೆ ಯಾರಿಗೆ ಮಾಡಲಿ? ಕದಿರಮ್ಮನವರಿಗೆ ಮರದ ಗುಣ ತೋರಿಸೋಣವೆಂದು ಮಾವಿನ ಮರದ ತುಂಡೊಂದನ್ನೂ ಹೊನ್ನೆಯ ತುಂಡೊಂದನ್ನೂ ತಮ್ಮ ಮುಂದಿಟ್ಟೆ. ತಾವು ಮಾವನ್ನು ತಿಂದು ಹೊನ್ನೆಯನ್ನು ಬಿಟ್ಟಿರಿ. ಅಮ್ಮನಿಗೆ ಮಾವು ಇಷ್ಟವೆಂದು ಮರುವಾರ ಪೂಜೆಗೆ ಬರುವ ಗಂಗಾದೇವಿಯವರು ಒಂದು ಹೊರೆ ಮಾವಿನ ಸೌದೆ ತಂದು ಅರ್ಪಿಸಿದರು.

ಮೊನ್ನೆ ಕದಿರಮ್ಮನವರು ಬಾಗಿಲಲ್ಲಿ ನಿಂತು, “ಅಮ್ಮ ಬಂದು ಕುಂತವ್ಳೆ, ಇನ್ನ ಇಲ್ಲಿ ಸಂಸಾರ ಮಾಡೋದು ಸರಿಯಿಲ್ಲ ಕಣಪ್ಪ. ಬ್ಯಾರೆ ಮನೆ ನೋಡ್ಕೊಂಬುಡಿ,” ಎಂದರು. ನನ್ನ ಹೆಂಡತಿ ಸಹನಾ ಬಸುರಿ. ಈ ಹೊತ್ತಿನಲ್ಲಿ ಪಾತ್ರೆಪಡಗ ಹೊತ್ತು ಮನೆ ಹುಡುಕುವುದನ್ನು ನೆನೆದರೆ ನನಗೆ ನಿಜವಾಗಿಯೂ ಭಯವಾಗುತ್ತದೆ.

ಆದಕಾರಣ ತಮ್ಮಲ್ಲಿ ನನ್ನ ಬಿನ್ನಹವಿಷ್ಟೇ: ತಮ್ಮ ಪೈಕಿ ಯಾರಾದರೂ ಒಬ್ಬ ಧೈರ್ಯಶಾಲಿ ಮೂಗು ಮುಚ್ಚಿಕೊಂಡು ಆ ಹೊನ್ನೆ ಚೌಕಟ್ಟನ್ನು ಒಂದೇ ಒಂದು ಬಾಯಿ ಕಚ್ಚಬೇಕು. ಪವಾಡ ಅಲ್ಲಿಗೆ ಮುಗಿದು ನಮ್ಮ ಮನೆ ನಮಗೆ ಉಳಿಯುತ್ತದೆ. ಬೇಕಿದ್ದರೆ ಬೆಲ್ಲ ಸವರಿಕೊಡುತ್ತೇನೆ.

ತಮ್ಮ ವಿಶ್ವಾಸಿ,
ಸದ್ಯಕ್ಕೆ ಇದೇ ವಿಳಾಸದಲ್ಲಿರುವ
ಯತಿರಾಜ್

ತಾ.ಕ.: ವಾರದ ಬಳಿಕ ಹಲಗೆಯ ತುದಿಯಲ್ಲಿ ಸೇರಿಸುತ್ತಿದ್ದೇನೆ. ತಾವು ನನ್ನ ಒಂದಕ್ಷರವನ್ನೂ ಮುಟ್ಟಲಿಲ್ಲ. ಇದು ತಮಿಳುನಾಡು, ಕದಿರಮ್ಮನವರು ಶಾಲೆಯಲ್ಲಿ ಕಲಿತದ್ದು ತಮಿಳು. ಕನ್ನಡ ಆಡುತ್ತಾರೆ, ಓದಲಾರರು. ತಾವು ತಿನ್ನದೆ ಬಿಟ್ಟ ಈ ಹಲಗೆ ಅಮ್ಮನ ಸ್ತೋತ್ರವೆಂದು ನಂಬಿ ಅದಕ್ಕೂ ಅರಿಶಿನ ಹಚ್ಚಿದ್ದಾರೆ. ಸ್ತೋತ್ರ ಬರೆದ ಪೂಜಾರಿ ಮನೆ ಬಿಡುವ ಹಾಗಿಲ್ಲವಂತೆ. ಇನ್ನು ಮುಂದೆ ಶುಕ್ರವಾರಗಳಂದು ನಾನೇ ಇದನ್ನು ರಾಗವಾಗಿ ಓದುತ್ತೇನೆ, ‘ಮಾನ್ಯರೇ’ಯಿಂದ ಸಾಷ್ಟಾಂಗ ನಮಸ್ಕಾರದವರೆಗೆ ಮಾತ್ರ; ಮುಂದಿನದು ಕಿವಿಗೆ ಬಿದ್ದರೆ ಅವರಿಗೆ ಅರ್ಥವಾಗಿಬಿಡುತ್ತದೆ. ಹಾಲು ತಮಗೆ, ಮೊಟ್ಟೆ ಬಸುರಿ ಸಹನಾಳಿಗೆ. ಮೇಲಿನ ಬಿನ್ನಹವನ್ನು ಹಿಂತೆಗೆದುಕೊಂಡಿದ್ದೇನೆ. ಅಪ್ಪಿತಪ್ಪಿಯೂ ಹೊನ್ನೆಗೆ ಬಾಯಿ ಹಾಕಬೇಡಿ.